ಆರ್‌ಎಕ್ಸ್-8, 1,04,000 ಮೈಲಿ, ಹಿಂದಿನ ರೋಟರ್ ಕಂಪ್ರೆಷನ್ ಕಡಿಮೆ: ಎಂಜಿನ್ ಬಿಚ್ಚಿಸೋದಾ, ಬೇರೆ ಕೂರಿಸೋದಾ?

ರೀಡಿಂಗ್_ರೋಟರಿ

ಎಲ್ಲರಿಗೂ ನಮಸ್ಕಾರ. ಗಾಡಿ 2005ರ ಮಜ್ದಾ ಆರ್‌ಎಕ್ಸ್-8, 231 ಪಿಎಸ್, ಆರು ಗೇರಿನದು. ಪಿಸ್ಟನ್ ಬದಲು ಎರಡು ತ್ರಿಕೋನ ರೋಟರ್ ತಿರುಗೋ ರೋಟರಿ ಎಂಜಿನ್. ಇರೋದು ಇಂಗ್ಲೆಂಡಿನ ರೀಡಿಂಗ್‌ನಲ್ಲಿ. 1,04,000 ಮೈಲಿ ಓಡಿದೆ, ಎಂಜಿನ್ ಇದುವರೆಗೆ ಬಿಚ್ಚಿಲ್ಲ.

ಬೆಳಿಗ್ಗೆ ತಣ್ಣಗಿದ್ದಾಗ ತಕ್ಷಣ ಸ್ಟಾರ್ಟ್ ಆಗುತ್ತೆ. ಇಪ್ಪತ್ತು ಮೈಲಿ ಓಡಿಸಿ ಬಂಕ್‌ನಲ್ಲಿ ನಿಲ್ಲಿಸಿದರೆ ಮತ್ತೆ ಹತ್ತು ಹದಿನೈದು ಸೆಕೆಂಡ್ ಸೆಲ್ಫ್ ಹೊಡೀಬೇಕು. ಕೂಲಂಟ್ ಇಳಿಯುತ್ತಿಲ್ಲ, ಎಂದೂ ಓವರ್‌ಹೀಟ್ ಆಗಿಲ್ಲ. ಆಯಿಲ್ ಸಾವಿರ ಮೈಲಿಗೆ ಒಂದು ಲೀಟರ್ ಹಾಕ್ತೀನಿ.

ರೋಟರಿ ಟೆಸ್ಟರ್‌ನಲ್ಲಿ ಬಂದ ಅಂಕಿ ಇವು (ರೋಟರಿನ ಮೂರು ಮುಖಗಳ ಕಂಪ್ರೆಷನ್, ಅಂದರೆ ಒತ್ತಡ, ಬೇರೆ ಬೇರೆಯಾಗಿ). ಎಂಜಿನ್ ಬಿಸಿಯಿತ್ತು, ಸೆಲ್ಫ್ ವೇಗ 195 ಆರ್‌ಪಿಎಂ:

ಮುಂದಿನ ರೋಟರ್: 5.9, 6.0, 5.8 ಬಾರ್
ಹಿಂದಿನ ರೋಟರ್: 5.7, 4.2, 5.8 ಬಾರ್

"ಎಂಜಿನ್ ಹೋಯ್ತು" ಅಂದುಬಿಟ್ಟರು ಗ್ಯಾರೇಜಿನವರು. ನನ್ನ ಮುಂದಿರೋ ದಾರಿ ಮೂರು: ಇದನ್ನೇ ಬಿಚ್ಚಿ ರೀಬಿಲ್ಡ್ ಮಾಡಿಸೋದು, 60,000 ಮೈಲಿ ಓಡಿದ ಹಳೇ ಎಂಜಿನ್ ತರೋದು, ಇಲ್ಲಾ ಇದನ್ನು ಕೊಟ್ಟು ರೀಬಿಲ್ಡ್ ಆದದ್ದನ್ನು ತರೋದು. ಒಳ್ಳೇ ರೀಬಿಲ್ಡ್ ಖರ್ಚು ಗಾಡಿಯ ಬೆಲೆಯನ್ನೇ ದಾಟುತ್ತೆ. ಏನು ಮಾಡಲಿ?

ಸೈಡ್‌ಸೀಲ್

ಮೈಲಿ ಲೆಕ್ಕ ಬಿಡಿ, ಆರು ಅಂಕಿಗಳನ್ನ ಸರಿಯಾಗಿ ಓದೋಣ.

ವರ್ಕ್‌ಶಾಪ್ ಮ್ಯಾನುಯಲ್ ಪ್ರಕಾರ ಹೊಸ ಎಂಜಿನ್ನಿಗೆ ಸುಮಾರು 8.3 ಬಾರ್, ಕನಿಷ್ಠ 6.8. ಒಂದೇ ರೋಟರಿನ ಮೂರು ಮುಖಗಳ ನಡುವೆ 1.5, ಎರಡು ರೋಟರುಗಳ ನಡುವೆ 1 ಬಾರ್‌ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಆದರೆ ಇದೆಲ್ಲ 250 ಆರ್‌ಪಿಎಂನಲ್ಲಿ. ನಿಮ್ಮದು 195ರಲ್ಲಿ ತೆಗೆದದ್ದು. ಅದನ್ನ ಮ್ಯಾನುಯಲ್‌ನ ಗ್ರಾಫ್ ಹಿಡಿದು 250ಕ್ಕೆ ತಿದ್ದದೆ ನೇರವಾಗಿ 6.8ರ ಪಕ್ಕ ಇಟ್ಟರೆ ಗಟ್ಟಿಮುಟ್ಟಾದ ಎಂಜಿನ್ನೂ ಫೇಲ್ ಆಗುತ್ತೆ. ತಿದ್ದಿದರೆ ನಿಮ್ಮ ಮುಂದಿನ ರೋಟರ್ ಗಡಿಯ ಆಸುಪಾಸಿಗೆ ಬರುತ್ತೆ. ವಯಸ್ಸಾಗಿದೆ, ಸತ್ತಿಲ್ಲ.

195 ಅನ್ನೋದೇ ಒಂದು ದೂರು. ಬ್ಯಾಟರಿ ಇಳಿದಿದೆ, ಇಲ್ಲಾ ಸ್ಟಾರ್ಟರ್ ಮೋಟರ್ ಸೋತಿದೆ. ಬಿಸಿಯಲ್ಲಿ ಸ್ಟಾರ್ಟ್ ಆಗದಿರೋದಕ್ಕೆ ಅದರದ್ದೂ ಪಾಲಿದೆ. ಹೊಸ ಸ್ಟಾರ್ಟರ್ ಹಾಕಿದರೆ ಕಾಟ ಕಡಿಮೆಯಾಗುತ್ತೆ, ಆದರೆ ಅದು ಔಷಧಿ ಅಲ್ಲ, ನೋವಿನ ಮಾತ್ರೆ.

ಈಗ ಆ 4.2. ಅಪೆಕ್ಸ್ ಸೀಲ್ ಅಂದರೆ ರೋಟರಿನ ತುದಿಯಲ್ಲಿ ಕೂತ, ಎರಡು ಕೋಣೆಗಳ ನಡುವಿನ ಗೋಡೆ. ಅದು ಸೋರಿದರೆ ಅಕ್ಕಪಕ್ಕದ ಎರಡು ಅಂಕಿ ಜೊತೆಗೇ ಬೀಳುತ್ತವೆ. ನಿಮ್ಮಲ್ಲಿ ಬಿದ್ದಿರೋದು ಒಂದೇ. ಹಾಗಾಗಿ ಅನುಮಾನ ಆ ಮುಖದ ಸೈಡ್ ಸೀಲ್ (ರೋಟರಿನ ಪಕ್ಕದಲ್ಲಿ ಕೂರೋ ಸೀಲ್) ಮೇಲೆ. ನಿಮ್ಮ ಕಾರಿನ ಈ ರೆನೆಸಿಸ್ ಎಂಜಿನ್ನಿನಲ್ಲಿ ಎಕ್ಸಾಸ್ಟ್ ಪೋರ್ಟ್ ಇರೋದು ರೋಟರಿನ ಪಕ್ಕದ ಗೋಡೆಯಾದ ಸೈಡ್ ಹೌಸಿಂಗ್‌ನಲ್ಲಿ, ಸುಟ್ಟ ಗ್ಯಾಸ್ ಸೈಡ್ ಸೀಲ್ ಮೇಲೇ ಹಾದುಹೋಗುತ್ತೆ. ಕಾರ್ಬನ್ ಸೀಲ್ ಕೂರುವ ಕೊರಕಲಿನೊಳಗೆ ಗಟ್ಟಿಯಾಗಿ, ಸೀಲ್ ಸ್ಪ್ರಿಂಗ್ ಒತ್ತಿದರೂ ಏಳದ ಹಾಗೆ ಕಚ್ಚಿಕೊಳ್ಳುತ್ತೆ.

ಕಚ್ಚಿಕೊಂಡಿದ್ದರೆ ಬಿಚ್ಚದೆ ಬಿಡಿಸೋಕೆ ಒಂದು ಅವಕಾಶ ಇದೆ. ಎಂಜಿನ್ ಪೂರ್ತಿ ಬಿಸಿ ಮಾಡಿ. ಥ್ರಾಟಲ್ ಬಾಡಿ ಆಚೆ ಇರೋ ವ್ಯಾಕ್ಯೂಮ್ ನಿಪ್ಪಲ್‌ಗೆ ಸಣ್ಣ ತೂತಿನ ಪೈಪ್ ಹಾಕಿ, 2,500 ಆರ್‌ಪಿಎಂನಲ್ಲಿ ಹಿಡಿದು, ಒಂದು ಲೀಟರ್ ಡಿಸ್ಟಿಲ್ಡ್ ನೀರನ್ನ ಹತ್ತು ನಿಮಿಷದಲ್ಲಿ ಸ್ವಲ್ಪಸ್ವಲ್ಪವಾಗಿ ಕುಡಿಸಿ. ಎಂಜಿನ್ ತಡವರಿಸಿದರೆ ಪೈಪ್ ಹಿಸುಕಿ ನೀರು ತಡೆಯಿರಿ, ಒಂದೇ ಗುಟುಕಿಗೆ ಹೋಗಬಾರದು. ಆಮೇಲೆ ಅರ್ಧ ಗಂಟೆ ಓಡಿಸಿ, ಆಯಿಲ್ ಬದಲಾಯಿಸಿ, ಫುಲ್ ಚಾರ್ಜ್ ಬ್ಯಾಟರಿಯಲ್ಲಿ ಮತ್ತೆ ಟೆಸ್ಟ್ ಮಾಡಿಸಿ. ಆ ಮುಖ ಉಳಿದೆರಡರ ಹತ್ತಿರಕ್ಕೆ ಬಂದರೆ ಈ ವರ್ಷ ಎಂಜಿನ್ ಮುಟ್ಟೋದು ಬೇಡ. ಅಲ್ಲೇ ನಿಂತರೆ ಬಿಚ್ಚಲೇಬೇಕು.

ಕೊವೆಂಟ್ರಿ_ಕನ್ನಡಿಗ

ಮೇಲಿನದಕ್ಕೆ ನನ್ನದೂ ಸಹಮತ. ನೀರು ಕುಡಿಸಿದರೂ ಏಳದಿದ್ದರೆ ಏನು ಅನ್ನೋದಕ್ಕೆ ಇದು.

60,000 ಮೈಲಿ ಓಡಿದ ಎಂಜಿನ್ ಬಗ್ಗೆ: ಅದು ಆರೋಗ್ಯವಾಗಿದ್ದರೆ ಬೆಂಚ್ ಮೇಲೆ ಯಾಕೆ ಕೂತಿದೆ? ಗುದ್ದಿದ ಗಾಡಿಯದು ಅಂತಾದರೆ ಸರಿ, ಗಾಡಿಯಲ್ಲಿದ್ದಾಗಲೇ ತೆಗೆದ ಆರು ಅಂಕಿ ಮತ್ತು ಆರ್‌ಪಿಎಂ ಇರೋ ಪ್ರಿಂಟ್ ಕೇಳಿ. ಪಿಸ್ಟನ್ ಎಂಜಿನ್ನಿನ ಸಾಮಾನ್ಯ ಗೇಜ್ ಇಟ್ಟು "ಕಂಪ್ರೆಷನ್ ಚೆನ್ನಾಗಿದೆ" ಅಂದರೆ ನಂಬಬೇಡಿ. ಆ ಗೇಜ್ ಮೂರರಲ್ಲಿ ಅತಿ ಹೆಚ್ಚಿನದನ್ನಷ್ಟೇ ಹಿಡಿದಿಡುತ್ತೆ. ನಿಮ್ಮ ಹಿಂದಿನ ರೋಟರನ್ನೂ ಅದು 5.8 ಅಂತಲೇ ತೋರಿಸುತ್ತಿತ್ತು. 192 ಪಿಎಸ್ ಗಾಡಿಯ ಎಂಜಿನ್ ನಾಲ್ಕು ಇನ್‌ಟೇಕ್ ಪೋರ್ಟಿನದು, ನಿಮ್ಮದು ಆರು. ಅದು ನೇರ ಕೂರಲ್ಲ. 2009ರ ನಂತರದ್ದೂ ಬೇಡ. ಅದರಲ್ಲಿ ರೋಟರಿಗೆ ಎರಡರ ಬದಲು ಮೂರು ಆಯಿಲ್ ಇಂಜೆಕ್ಟರ್, ಪಂಪ್ ಕೂಡ ಬೇರೆ. ಇನ್ನು ಪಿಸ್ಟನ್ ಎಂಜಿನ್ ಕೂರಿಸೋ ಯೋಚನೆ ಬಂದರೆ ಬೇರೆ ಕಾರೇ ತಗೊಳ್ಳಿ, ಅಗ್ಗ.

ಎಕ್ಸ್‌ಚೇಂಜ್ ಎಂಜಿನ್ ಕೊಡೋರಿಗೆ ಒಂದೇ ಪ್ರಶ್ನೆ: "ರೋಟರ್ ಹೌಸಿಂಗ್ (ರೋಟರ್ ಸುತ್ತಲಿನ ಕವಚ) ಹೊಸದಾ, ಹಳೇದಾ?" ಸೀಲು, ಸ್ಪ್ರಿಂಗು, ಓ-ರಿಂಗ್ ಮಾತ್ರ ಬದಲಿಸಿದ ಅಗ್ಗದ ರೀಬಿಲ್ಡ್‌ಗಳು ಇದ್ದೇ ಇವೆ. ಹೌಸಿಂಗ್ ಒಳಗಿನ ಕ್ರೋಮ್ ಅಂಚಿನಲ್ಲಿ ಪದರ ಪದರವಾಗಿ ಎದ್ದಿದ್ದರೆ ಅದರ ಮೇಲೆ ಹೊಸ ಅಪೆಕ್ಸ್ ಸೀಲ್ ಓಡಿಸೋದು ಮರಳು ಕಾಗದದ ಮೇಲೆ ಓಡಿಸಿದ ಹಾಗೆ. ಶುರುವಿನಲ್ಲಿ ಅಂಕಿ ಚೆನ್ನಾಗೇ ಬರುತ್ತೆ, ಅಲ್ಲೇ ಮೋಸ ಹೋಗೋದು.

ಹಾಗಾಗಿ ನನ್ನ ಓಟು ನಿಮ್ಮ ಎಂಜಿನ್ನಿಗೇ. ಓವರ್‌ಹೀಟ್ ಆಗಿಲ್ಲ, ಕೂಲಂಟ್ ಸೀಲ್ ಗಟ್ಟಿ ಇದೆ, ಅಪೆಕ್ಸ್ ಸೀಲ್ ಮುರಿದು ರೋಟರ್ ಜಜ್ಜಿಲ್ಲ. ಇಂಥ ಎಂಜಿನ್ ಕೊಟ್ಟು ಗುರುತಿಲ್ಲದ್ದನ್ನ ತರಬೇಡಿ. ಬಿಚ್ಚಿದಾಗ ನೀವೇ ಹೋಗಿ ನೋಡಿ. ಸೈಡ್ ಹೌಸಿಂಗ್‌ನಲ್ಲಿ ಸೀಲ್ ಓಡಿದ ಜಾಡಿಗೆ ಉಗುರು ಅಡ್ಡ ಎಳೆಯಿರಿ. ಮೆಟ್ಟಿಲು ಸಿಕ್ಕರೆ ಡಯಲ್ ಗೇಜ್ ಇಡಿಸಿ. 0.10 ಮಿ.ಮೀ. ದಾಟಿದ್ದರೆ ಹೌಸಿಂಗ್ ಬದಲು. ಸುಮ್ಮನೆ ಉಜ್ಜಿ ಮಟ್ಟ ಮಾಡಿದರೆ ಮೇಲಿನ ನೈಟ್ರೈಡ್ ಗಟ್ಟಿ ಪದರ ಹೋಗುತ್ತೆ. ಹೊಸ ಸೈಡ್ ಸೀಲ್ ಮತ್ತು ರೋಟರಿನ ಮೂಲೆಯ ಕಾರ್ನರ್ ಸೀಲ್ ನಡುವಿನ ಸಂದು 0.05 ಮಿ.ಮೀ. ಹತ್ತಿರ ಬರೋ ಹಾಗೆ ಒಂದೊಂದನ್ನೂ ಅರ ಹಾಕಿ ಕೂರಿಸಬೇಕು. ಅಳತೆ ಬರೆದು ಕೊಡೋಕೆ ಒಪ್ಪದ ಮೆಕ್ಯಾನಿಕ್ ಬೇಡ. ಎಂಜಿನ್ ಹೊರಗಿದ್ದಾಗಲೇ ಕ್ಲಚ್, ಹಿಂದಿನ ಆಯಿಲ್ ಸೀಲ್, ಎಂಜಿನ್ ಮೌಂಟ್, ಒಣಗಿ ಪುಡಿಯಾಗೋ ಮೀಟರಿಂಗ್ ಆಯಿಲ್ ಪೈಪುಗಳು (ಎಂಜಿನ್ ಒಳಗಿನ ಸೀಲುಗಳಿಗೆ ಆಯಿಲ್ ಒಯ್ಯೋವು) ಎಲ್ಲ ಬದಲಾಗಲಿ.

ಧಾರವಾಡದಾಂವ

ಅಲ್ರೀ, ಎಂಜಿನ್ನಿಗೆ ರೊಕ್ಕ ಹಾಕೂ ಮೊದ್ಲ ಗಾಡಿ ಎತ್ತಿಸಿ ಅಡಿಗೆ ನೋಡ್ರಿ. ಇಂಗ್ಲೆಂಡಿನ ಉಪ್ಪು ಹಾಕಿದ ರಸ್ತೆದಾಗ ಆರ್‌ಎಕ್ಸ್-8ನ ಹಿಂದಿನ ವೀಲ್ ಆರ್ಚ್, ಬಾಗಿಲ ಕೆಳಗಿನ ಸಿಲ್ ತುಕ್ಕು ಹಿಡೀತಾವ. ಪೇಂಟ್ ಉಬ್ಬಿದ್ದಲ್ಲಿ ಸ್ಕ್ರೂಡ್ರೈವರ್ ಹಿಡಿಲೆ ಕುಟ್ರಿ. ಠಣ್ ಅಂದ್ರ ಗಟ್ಟಿ, ಡಬ್ ಅಂದ್ರ ಒಳಗ ಟೊಳ್ಳ. ಎರಡೂ ಕಡೆ ಸಿಲ್ ಹೋಗಿದ್ರ ಎಂಜಿನ್ ಮಾತು ಬಿಟ್ಟು ಗಾಡಿ ಮಾರ್ರಿ.

ಗಟ್ಟಿ ಇದ್ರ ಮಾತ್ರ ಉಳಿಸ್ಕೊಳ್ರಿ. 231 ಪಿಎಸ್‌ದು ಕಿ.ಮೀ.ಗೆ 299 ಗ್ರಾಂ ಕಾರ್ಬನ್ ಡೈಆಕ್ಸೈಡ್ ಬಿಡ್ತದ. 2006ರ ಮಾರ್ಚ್ 23ರಿಂದ ನೋಂದಣಿ ಆದವಕ್ಕ ಅಗ್ದಿ ಮ್ಯಾಲಿನ ಟ್ಯಾಕ್ಸ್ ಬ್ಯಾಂಡು; ನಿಮ್ಮದು 2005, ಅದಕ್ಕಿಂತ ಕಡಿಮಿ ಟ್ಯಾಕ್ಸಿನ ಕೆ ಬ್ಯಾಂಡಿಗೆ ನಿಲ್ತದ. ಇದನ್ನ ಮಾರಿ ಹೊಸಾ ವರ್ಷದ್ದು ತಂದ್ರ ವರ್ಷಾ ವರ್ಷಾ ಟ್ಯಾಕ್ಸ್ ಜಾಸ್ತಿ. ಮತ್ತ ಎಂಜಿನ್ ಬದಲಿಸಿದ್ರ ಹೊಸಾ ನಂಬರ್ ಗಾಡಿ ನೋಂದಣಿಯ ವಿ5ಸಿ ಪುಸ್ತಕದಾಗ ಬರಸೂದು ಮರೀಬ್ಯಾಡ್ರಿ.

ರೀಡಿಂಗ್_ರೋಟರಿ

ತುಂಬಾ ಉಪಕಾರ ಆಯ್ತು. ಸಿಲ್ ಕುಟ್ಟಿ ನೋಡಿದೆ, ಎರಡೂ ಕಡೆ ಠಣ್. ಶನಿವಾರ ನೀರು ಕುಡಿಸ್ತೀನಿ. ಅದಕ್ಕೆ ಮುಂಚೆ ಇನ್ನೇನಾದರೂ ನೋಡಬೇಕಾ?

ಸೈಡ್‌ಸೀಲ್

ಕಾಯಿಲ್ ಮತ್ತು ಕ್ಯಾಟ್ (ಎಕ್ಸಾಸ್ಟ್ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್). ನಾಲ್ಕು ಇಗ್ನಿಷನ್ ಕಾಯಿಲ್ ಎಂದು ಹಾಕಿದ್ದು ಅಂತ ಬಿಲ್ ಹುಡುಕಿ. 30,000 ಮೈಲಿ ದಾಟಿದ್ದರೆ ನಾಲ್ಕನ್ನೂ ಒಟ್ಟಿಗೇ ಬದಲಿಸಿ. ಕಾಯಿಲ್ ಸೋತರೆ ಸುಡದ ಪೆಟ್ರೋಲ್ ಕ್ಯಾಟ್‌ನಲ್ಲಿ ಹೋಗಿ ಉರಿಯುತ್ತೆ, ಜೇನುಗೂಡು ಕರಗಿ ಕಟ್ಟಿಕೊಳ್ಳುತ್ತೆ, ಆ ಬಿಸಿ ಹಿಂದಕ್ಕೆ ಬಂದು ಸೀಲುಗಳನ್ನೇ ತಿನ್ನುತ್ತೆ. ಕ್ಯಾಟ್ ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಅಲ್ಲಿ ಪ್ರೆಷರ್ ಗೇಜ್ ಹಾಕಿ. 2,500 ಆರ್‌ಪಿಎಂನಲ್ಲಿ 0.2 ಬಾರ್ ದಾಟಿದರೆ ಕಟ್ಟಿದೆ ಅಂತ ಅರ್ಥ. ಕಟ್ಟಿದ ಕ್ಯಾಟ್ ಇಟ್ಟುಕೊಂಡು ಹೊಸ ಎಂಜಿನ್ ಹಾಕಿದರೂ ಅದನ್ನೂ ತಿನ್ನುತ್ತೆ.

ನೀರು ಕುಡಿಸಿದ ಮೇಲೆ ಪ್ಲಗ್ ಹೊಸದು ಹಾಕಿ: ಕೆಳಗಿನ ಲೀಡಿಂಗ್‌ಗೆ ಎನ್‌ಜಿಕೆ ಆರ್‌ಇ7ಸಿ-ಎಲ್, ಮೇಲಿನ ಟ್ರೇಲಿಂಗ್‌ಗೆ ಆರ್‌ಇ9ಬಿ-ಟಿ. ಅದಲು ಬದಲು ಆಗದಿರಲಿ. ಇನ್ನು ಮುಂದೆ ಟ್ಯಾಂಕ್ ತುಂಬಿಸುವಾಗಲೆಲ್ಲ ಒಳ್ಳೇ ಟೂ-ಸ್ಟ್ರೋಕ್ ಆಯಿಲ್, ಲೀಟರ್ ಪೆಟ್ರೋಲಿಗೆ 4 ಮಿ.ಲೀ. ಲೆಕ್ಕದಲ್ಲಿ. 50 ಲೀಟರ್ ಹಾಕಿಸಿದರೆ 200 ಮಿ.ಲೀ. ಮೊದಲು ಆಯಿಲ್ ಸುರಿದು, ಆಮೇಲೆ ಪೆಟ್ರೋಲ್ ಹಾಕಿಸಿ, ಕಲಸೋ ಕೆಲಸ ಅದೇ ಮಾಡುತ್ತೆ. ಶನಿವಾರದ ಆರು ಅಂಕಿ ಇಲ್ಲಿ ಹಾಕಿ. ಆರ್‌ಪಿಎಂ ಬರೆಯೋದು ಮರೀಬೇಡಿ.