2014ರ 7.2 ರಿಸೀವರ್ ₹15,000ಕ್ಕೆ ಸಿಗ್ತಿದೆ, ತಗೋಬಹುದಾ?

ಕುವೆಂಪುನಗರ_ಹಾಲ್
ಮೈಸೂರು. ಹಾಲ್ 12x15 ಅಡಿ, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್. ಟಿವಿ ಹೊಸದು, 4ಕೆ, ಇ-ಆರ್ಕ್ (ಟಿವಿಯ ಸದ್ದನ್ನ ಎಚ್‌ಡಿಎಂಐ ಕೇಬಲಲ್ಲೇ ರಿಸೀವರ್‌ಗೆ ಕಳಿಸೋ ಆರ್ಕ್‌ನ ಹೊಸ ರೂಪ) ಇದೆ. ಪರಿಚಯದವರ ರಿಸೀವರ್‌ನಲ್ಲಿ (ಏಳು ಸ್ಪೀಕರ್, ಎರಡು ಸಬ್ ವೂಫರ್‌ಗೆ ಜಾಗ ಇರೋ ಹೋಮ್ ಥಿಯೇಟರ್ ಆಂಪ್ಲಿಫೈಯರ್) ಎಚ್‌ಡಿಎಂಐ 1.4, ಆರ್ಕ್ ಇದೆ, ಅಟ್ಮಾಸ್ (ಮೇಲಿನಿಂದಲೂ ಸದ್ದು ಬರೋ ಡಾಲ್ಬಿ ವಿಧಾನ) ಇಲ್ಲ. ಡಬ್ಬದ ಮೇಲೆ ಚಾನೆಲ್‌ಗೆ 140 ವ್ಯಾಟ್ ಅಂತಿದೆ. ಮನೇಲಿ ಹಳೇ ಹೋಮ್ ಥಿಯೇಟರ್ ಸೆಟ್ಟಿನ ಐದು ಸ್ಪೀಕರ್, ಒಂದು ಸಬ್ ವೂಫರ್ ಸುಮ್ಮನೆ ಬಿದ್ದಿವೆ. ಅವನ್ನೇ ಹಾಕಿದರೆ ಆಗುತ್ತಾ? ದುಡ್ಡು ಕೊಡೋ ಮುಂಚೆ ಏನೇನು ನೋಡಬೇಕು?

ಬೆಸುಗೆಕಡ್ಡಿ
ಮೊದಲು ಆ ಸ್ಪೀಕರ್‌ಗಳ ಹಿಂಭಾಗದ ಸ್ಟಿಕ್ಕರ್ ನೋಡಿ ಸಾರ್. ಸೆಟ್ಟಿನ ಜೊತೆ ಬರೋವು ಸಾಮಾನ್ಯವಾಗಿ 3 ಅಥವಾ 4 ಓಮ್ (ಕರೆಂಟ್‌ಗೆ ಸ್ಪೀಕರ್ ಒಡ್ಡೋ ತಡೆ) ಇರ್ತವೆ. ಇಂಥ ರಿಸೀವರ್‌ಗಳು 6 ಓಮ್ ಅಥವಾ ಅದಕ್ಕಿಂತ ಮೇಲಿನ ಸ್ಪೀಕರ್‌ಗೆ ಮಾಡಿದವು. 3 ಓಮ್ ಹಾಕಿದರೆ ಕರೆಂಟ್ ಜಾಸ್ತಿ ಎಳೆದು, ಬಿಸಿಯಾಗಿ, ಫೈಟ್ ಸೀನ್ ಮಧ್ಯೆ ಪ್ರೊಟೆಕ್ಷನ್‌ಗೆ ಹೋಗಿ ಆಫ್ ಆಗುತ್ತೆ. ಆ ಸಬ್ ಅಂತೂ ಬಹುಶಃ ಪ್ಯಾಸಿವ್, ಅಂದ್ರೆ ಒಳಗೆ ಸ್ವಂತ ಆಂಪ್ಲಿಫೈಯರ್ ಇಲ್ಲದ್ದು. ಅದಕ್ಕೆ ಗೋಡೆ ಪ್ಲಗ್ಗಿನ ವೈರ್ ಇಲ್ಲ ಅಂದ್ರೆ ಕೈಬಿಡಿ. ರಿಸೀವರ್‌ನ ಸಬ್ ಔಟ್‌ನಲ್ಲಿ ಬರೋದು ಲೈನ್ ಸಿಗ್ನಲ್ ಮಾತ್ರ, ಕೋನ್ ಅಲ್ಲಾಡಿಸೋ ಶಕ್ತಿ ಅದಕ್ಕಿಲ್ಲ.

140 ವ್ಯಾಟ್ ನಂಬಬೇಡಿ. ಅದು ಹೆಚ್ಚಾಗಿ ಒಂದೇ ಚಾನೆಲ್, 6 ಓಮ್, 10% ಡಿಸ್ಟಾರ್ಷನ್ ಲೆಕ್ಕ. ಮ್ಯಾನುಯಲ್‌ನಲ್ಲಿ ‘8 ಓಮ್, 20 ಹರ್ಟ್ಸ್–20 ಕಿಲೋಹರ್ಟ್ಸ್, 2 ಚಾನೆಲ್’ ಅನ್ನೋ ಸಾಲು ಹುಡುಕಿ. ಅಲ್ಲಿ 75–80 ಇದ್ದರೂ ಧಾರಾಳ. 88 ಡಿಬಿ ಸೆನ್ಸಿಟಿವಿಟಿ (1 ವ್ಯಾಟ್‌ಗೆ 1 ಮೀಟರ್ ದೂರದಲ್ಲಿ ಕೇಳೋ ಸದ್ದು) ಇರೋ ಸ್ಪೀಕರ್‌ನಿಂದ 10 ಅಡಿ ದೂರ ಕೂತರೆ 10 ವ್ಯಾಟ್‌ಗೇ ಪಕ್ಕದ ಮನೆಯವರು ಬಾಗಿಲು ತಟ್ತಾರೆ. ವ್ಯಾಟ್ ಎರಡರಷ್ಟಾದರೆ ಸಿಗೋದು ಬರೀ 3 ಡಿಬಿ.

ಎಚ್‌ಡಿಎಂಐ_ಭಟ್ಟ
ಹಳೇ ರಿಸೀವರ್‌ನಲ್ಲಿ ಮೊದಲು ಹಳತಾಗೋದು ಆಂಪ್ಲಿಫೈಯರ್ ಅಲ್ಲ, ಎಚ್‌ಡಿಎಂಐ. ಇದರಲ್ಲಿ ಎಚ್‌ಡಿಸಿಪಿ 2.2 (4ಕೆ ಚಿತ್ರಕ್ಕೆ ಹಾಕೋ ಕಾಪಿ ತಡೆ) ಇರಲ್ಲ, ಹಾಗಾಗಿ 4ಕೆ ಸ್ಟ್ರೀಮಿಂಗ್ ಸ್ಟಿಕ್ಕನ್ನ ಇದರ ಮೂಲಕ ಹಾಯಿಸಿದರೆ ಚಿತ್ರ 1080ಪಿಗೆ ಇಳಿಯುತ್ತೆ, ಇಲ್ಲಾ ಸ್ಕ್ರೀನ್ ಕಪ್ಪಾಗುತ್ತೆ. ಸ್ಟಿಕ್, ಸೆಟ್‌ಟಾಪ್ ಬಾಕ್ಸ್ ಎಲ್ಲಾ ನೇರ ಟಿವಿಗೇ ಚುಚ್ಚಿ. ಟಿವಿಯ ಆರ್ಕ್ ಪೋರ್ಟಿನಿಂದ ರಿಸೀವರ್‌ನ ಮಾನಿಟರ್ ಔಟ್‌ಗೆ ಒಂದೇ ಕೇಬಲ್. ಎರಡರಲ್ಲೂ ಸಿಇಸಿ (ಎಚ್‌ಡಿಎಂಐ ಮೂಲಕ ಒಂದಕ್ಕೊಂದು ಆದೇಶ ಕೊಡೋ ಸೆಟ್ಟಿಂಗ್) ಆನ್ ಇರಬೇಕು.

ಟಿವಿಯ ಡಿಜಿಟಲ್ ಆಡಿಯೊ ಔಟ್ ‘ಪಿಸಿಎಂ’ನಲ್ಲಿದ್ದರೆ (ಟಿವಿಯೇ ಬಿಚ್ಚಿ ಕಳಿಸೋ ಸದ್ದು) ಆರ್ಕ್‌ನಲ್ಲಿ ಬರೋದು ಎರಡೇ ಚಾನೆಲ್. ಹಿಂದಿನ ಸ್ಪೀಕರ್ ಮಾತಾಡ್ತಾ ಇಲ್ಲ ಅನ್ನೋ ದೂರುಗಳಲ್ಲಿ ಅರ್ಧ ಇದೇ. ‘ಡಾಲ್ಬಿ ಡಿಜಿಟಲ್’ ಅಥವಾ ‘ಬಿಟ್‌ಸ್ಟ್ರೀಮ್’ ಇಡಿ. ‘ಪಾಸ್‌ಥ್ರೂ’ (ಬಂದ ಸದ್ದನ್ನ ಹಾಗೇ ದಾಟಿಸೋದು) ಇಟ್ಟು ಸದ್ದೇ ಬರದಿದ್ದರೆ ಡಾಲ್ಬಿ ಡಿಜಿಟಲ್‌ಗೆ ಇಳಿಸಿ.

ಸಕ್ಕರೆನಾಡು_ಸೌಂಡ್
ಮಂಡ್ಯದಿಂದ. ನೋಡೋಕೆ ಹೋಗುವಾಗ ಒಂದು ಸ್ಪೀಕರ್, ಮಲ್ಟಿಮೀಟರ್, ಸ್ಟಿಕ್ ತಗೊಂಡೋಗಿ ಕಣಣ್ಣ.

ಆನ್ ಮಾಡಿ, ರಿಲೇ ಟಿಕ್ ಅನ್ನೋವರೆಗೂ ಕಾಯಿ. ವಾಲ್ಯೂಮ್ ಸೊನ್ನೆಗಿಟ್ಟು, ಸ್ಪೀಕರ್ ಇಲ್ಲದೆ, ಕೆಂಪು–ಕಪ್ಪು ಟರ್ಮಿನಲ್ ಮಧ್ಯೆ ಡಿಸಿ ಮಿಲಿವೋಲ್ಟ್ ನೋಡು. 30ರ ಒಳಗಿದ್ರೆ ಆರಾಮು. 100 ದಾಟಿದ್ರೆ ಎದ್ದು ಬಾ, ಔಟ್‌ಪುಟ್ ಸೆಕ್ಷನ್ ಕೆಟ್ಟಿರಬಹುದು. ಆಮೇಲೆ ಟೆಸ್ಟ್ ಟೋನ್ ಹಾಕಿ ಒಂದೇ ಸ್ಪೀಕರನ್ನ ಪ್ರತಿ ಚಾನೆಲ್‌ಗೂ ಬದಲಾಯಿಸಿ ಕೇಳು. ಬದಲಾಯಿಸುವಾಗೆಲ್ಲ ಆಫ್ ಮಾಡು, ವೈರಿನ ಎಳೆ ಒಂದಕ್ಕೊಂದು ತಾಗಿದ್ರೆ ಅಲ್ಲೇ ಕತೆ ಮುಗೀತು. ಎಚ್‌ಡಿಎಂಐ ಪೋರ್ಟ್ ಒಂದೊಂದನ್ನೂ ಸ್ಟಿಕ್ ಹಾಕಿ ನೋಡು. ಗುಡುಗು ಮಳೇಲಿ ಮೊದಲು ಹೋಗೋದೇ ಅವು, ಅದೂ ಕರೆಂಟ್ ಪ್ಲಗ್ಗಿಂದಷ್ಟೇ ಅಲ್ಲ, ಕೇಬಲ್ ಟಿವಿ ವೈರಿಂದ ಟಿವಿಗೆ ಬಂದು ಅಲ್ಲಿಂದಲೂ ಸಿಡಿಲಿನ ಹೊಡೆತ ದಾಟುತ್ತೆ. ಏಪ್ರಿಲ್–ಮೇನಲ್ಲಿ ಮೋಡ ಕಟ್ಟಿದ್ರೆ ಪ್ಲಗ್ ಜೊತೆ ಆ ವೈರೂ ಕಿತ್ತಾಕು.

ಅರ್ಧ ಗಂಟೆ ಜೋರಾಗಿ ಓಡಿಸದೆ ದುಡ್ಡು ಕೊಡಬೇಡ. ಸೆಟಪ್ ಮೈಕ್ (ಸ್ಪೀಕರ್ ಸದ್ದು ಅಳೆದು ಹೊಂದಿಸೋಕೆ ರಿಸೀವರ್ ಜೊತೆ ಬರೋದು) ಇದೆಯಾ ಕೇಳು, ಎಷ್ಟೋ ಜನ ಕಳೆದಿರ್ತಾರೆ. ಹಿಂದೆ 120 ವೋಲ್ಟ್ ಅಂತಿದ್ರೆ ಅಮೆರಿಕದ ಮಾಲು, ನಮ್ಮ 230ಕ್ಕೆ ನೇರ ಹಾಕಿದ್ರೆ ಸುಟ್ಟೋಗುತ್ತೆ.

ಕುವೆಂಪುನಗರ_ಹಾಲ್
ಸ್ಟಿಕ್ಕರ್ ನೋಡಿದೆ, 3 ಓಮ್. ಸಬ್‌ಗೆ ಪ್ಲಗ್ ಇಲ್ಲ. ಹಾಗಾದ್ರೆ ಸ್ಪೀಕರ್ ಹೊಸದೇ ಬೇಕು. ಐದೂ ಒಟ್ಟಿಗೆ ತರಬೇಕಾ?

ಬೆಸುಗೆಕಡ್ಡಿ
ಬೇಡ. ಮುಂದಿನ ಎರಡು, ಸೆಂಟರ್, ಒಂದು ಆಕ್ಟಿವ್ ಸಬ್ ತನ್ನಿ. ಹಿಂದಿನವು ಆಮೇಲೆ. ನಮ್ಮ ಸಿನಿಮಾಗಳಲ್ಲಿ ಹಿನ್ನೆಲೆ ಸಂಗೀತ ಮಾತನ್ನ ನುಂಗುತ್ತೆ, ಸೆಂಟರ್ ಇದ್ದು ಅದನ್ನ 2–3 ಡಿಬಿ ಏರಿಸಿದರೆ ಡೈಲಾಗ್ ಬಿಡಿಬಿಡಿಯಾಗಿ ಕೇಳುತ್ತೆ. ವೈರ್ ಎಲೆಕ್ಟ್ರಿಕಲ್ ಅಂಗಡಿಯ 1.5 ಸ್ಕ್ವೇರ್ ಎಂಎಂ ತಾಮ್ರದ್ದು ಸಾಕು, ದುಬಾರಿ ಕೇಬಲ್‌ಗೆ ದುಡ್ಡು ಸುರಿಯಬೇಡಿ.

ಮೈಕ್ ಹಾಕಿ ಅಳೆಯುವಾಗ ಅದನ್ನ ದಿಂಬಿನ ಮೇಲಿಡದೆ ಕಿವಿಯ ಎತ್ತರಕ್ಕೆ ಸ್ಟ್ಯಾಂಡ್ ಮೇಲಿಡಿ, ಸೀಲಿಂಗ್ ಫ್ಯಾನ್ ಆಫ್ ಮಾಡಿ. ಮುಗಿದ ಮೇಲೆ ಮೆನುಗೆ ಹೋಗಿ: ಸ್ಪೀಕರನ್ನ ‘ಲಾರ್ಜ್’ ಅಂತ ಗುರುತಿಸಿದ್ದರೆ ‘ಸ್ಮಾಲ್’ ಮಾಡಿ, ಕ್ರಾಸ್‌ಓವರ್ (ಇದಕ್ಕಿಂತ ಕೆಳಗಿನ ಸದ್ದು ಸಬ್‌ಗೆ ಹೋಗೋ ಗಡಿ) 80 ಹರ್ಟ್ಸ್. ಆ ಟೈಲ್ಸ್ ಮೇಲೆ ಸೋಫಾ ಮುಂದೆ ದಪ್ಪ ಜಮಖಾನ ಹಾಸಿಯೇ ಅಳೆಯಿರಿ, ಆಮೇಲೆ ಹಾಸಿದರೆ ಮತ್ತೆ ಅಳೀಬೇಕಾಗುತ್ತೆ.

ಎಚ್‌ಡಿಎಂಐ_ಭಟ್ಟ
₹15,000 ಜಾಸ್ತಿ ಆಯ್ತು. ಅಟ್ಮಾಸ್ ಇಲ್ಲ, 4ಕೆ ಇಲ್ಲ ಅಂತ ಹೇಳಿ 10ಕ್ಕೆ ಇಳಿಸಿ, ಉಳಿದ 5 ಸೆಂಟರ್ ಸ್ಪೀಕರ್‌ಗೆ ಹಾಕಿ.