ಮಳೆಗಾಲ ಕಳೆದ ಮೇಲೆ ಕ್ಯಾಮೆರಾ ಆನ್ ಆಗುತ್ತಿಲ್ಲ: ರಿಪೇರಿಯವರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಕಾರ್ಕಳದಿಂದ): ನಮಸ್ಕಾರ ಸರ್. ನಾನು ಹವ್ಯಾಸಕ್ಕೆ ಯಕ್ಷಗಾನದ ಫೋಟೊ ತೆಗೆಯುವವಳು. ಮೇ ಕೊನೆಗೆ ಬರುವ ಪತ್ತನಾಜೆಯ ದಿನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ನನ್ನ ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸುವ ದೊಡ್ಡ ಕ್ಯಾಮೆರಾ) ಅನ್ನು ಬ್ಯಾಗಿನಲ್ಲಿ ಹಾಕಿ ಕಪಾಟಿನಲ್ಲಿ ಇಟ್ಟಿದ್ದೆ. ಮೊನ್ನೆ ತೆಗೆದರೆ ಆನ್ ಆಗುತ್ತಿಲ್ಲ. ಲೈಟಿಲ್ಲ, ಸದ್ದಿಲ್ಲ. ಬ್ಯಾಟರಿ ಒಳಗೇ ಇತ್ತು. ಅದನ್ನು ಚಾರ್ಜರಿಗೆ ಹಾಕಿದರೆ ದೀಪ ಪಟಪಟ ಅಂತ ಮಿನುಗುತ್ತದೆ. ಬ್ಯಾಟರಿ ಕೂರುವ ಜಾಗದಲ್ಲಿ ಸ್ವಲ್ಪ ಹಸಿರು ಹಿಡಿದಿದೆ. ಒಳಗಿನ ಸರ್ಕ್ಯೂಟ್ ಬೋರ್ಡ್ ಹೋಗಿದೆ, ಹೊಸ ಕ್ಯಾಮೆರಾ ತಗೊಳ್ಳಿ ಅಂತ ಪರಿಚಯದವರೊಬ್ಬರು ಹೇಳಿದರು. ದೀಪಾವಳಿ ಕಳೆದರೆ ಮೇಳಗಳು ಹೊರಡುತ್ತವೆ. ಮನೆಯಲ್ಲೇ ಏನಾದರೂ ಮಾಡಿ ನೋಡಬಹುದಾ?

ಉತ್ತರ: ಖಂಡಿತ ನೋಡಬಹುದು ಮೇಡಂ. ಬೋರ್ಡಿನ ಮಾತು ಆಮೇಲೆ. ಮಳೆಗಾಲ ಮುಗಿದ ಮೇಲೆ ನನ್ನ ಹತ್ತಿರ ಬರುವ ಇಂಥ ಕ್ಯಾಮೆರಾಗಳಲ್ಲಿ ಹೆಚ್ಚಿನವಕ್ಕೆ ತೊಂದರೆ ಇರುವುದು ಬ್ಯಾಟರಿಯಲ್ಲಿ, ಅದಕ್ಕೆ ತಾಗುವ ಪಿನ್ನಿನಲ್ಲಿ, ಇಲ್ಲವೇ ಬ್ಯಾಟರಿ ಬಾಗಿಲ ಸ್ವಿಚ್ಚಿನಲ್ಲಿ. ಒಳಗೆ ಕರೆಂಟ್ ಹೋಗುತ್ತಿದೆಯೋ ಇಲ್ಲವೋ ಗೊತ್ತಾಗುವ ಮೊದಲೇ ಬೋರ್ಡ್ ಹೋಯಿತು ಅನ್ನುವುದು ತಪ್ಪು.

ಮೊದಲು ಒಂದು ಮಾತು. ಆನ್ ಆಗುತ್ತಾ ಅಂತ ಮತ್ತೆ ಮತ್ತೆ ಸ್ವಿಚ್ ಹಾಕಬೇಡಿ. ಒಳಗೆ ತೇವ ಇದ್ದಾಗ ಕರೆಂಟ್ ಹರಿದರೆ ತುಕ್ಕು ಇನ್ನೂ ಬೇಗ ತಿನ್ನುತ್ತದೆ. ಬ್ಯಾಟರಿ, ಕಾರ್ಡ್, ಲೆನ್ಸ್ ಮೂರನ್ನೂ ತೆಗೆಯಿರಿ. ಕ್ಯಾಮೆರಾ ಬಾಡಿಯ ಬಾಯಿಗೆ ಮುಚ್ಚಳ ಹಾಕಿ, ಬಿಗಿ ಮುಚ್ಚಳದ ಡಬ್ಬಿಯೊಳಗೆ ಸಿಲಿಕಾ ಜೆಲ್ (ತೇವ ಹೀರುವ ಹರಳು) ಜೊತೆ ಎರಡು ದಿನ ಬಿಡಿ. ಅಕ್ಕಿ ಡಬ್ಬಿ ಬೇಡ. ಅಕ್ಕಿಯ ಹುಡಿ ಸಂದಿಗೊಂದಿಗೆಲ್ಲ ಇಳಿಯುತ್ತದೆ, ತೇವ ಮಾತ್ರ ಹೋಗಿರುವುದಿಲ್ಲ. ಹೇರ್ ಡ್ರೈಯರ್ ಬಿಸಿಯೂ ಬೇಡ, ರಬ್ಬರಿನ ಅಂಟು ಬಿಟ್ಟುಕೊಳ್ಳುತ್ತದೆ.

ಆಮೇಲೆ ಬ್ಯಾಟರಿ. ಅದರ ಮೇಲೆ 7.2 ಅಥವಾ 7.4 ವೋಲ್ಟ್ ಅಂತ ಬರೆದಿರುತ್ತದೆ. ಒಳಗೆ ಎರಡು ಲಿಥಿಯಂ ಸೆಲ್ ಇರುತ್ತವೆ, ಪೂರ್ತಿ ಚಾರ್ಜ್ ಆದರೆ 8.4 ವೋಲ್ಟ್ ಬರಬೇಕು. ಮನೆ ಹತ್ತಿರ ಎಲೆಕ್ಟ್ರಿಷಿಯನ್ ಇದ್ದರೆ ಅವರ ಮಲ್ಟಿಮೀಟರಿನಲ್ಲಿ ಪ್ಲಸ್, ಮೈನಸ್ ಗುರುತಿರುವ ಕಡೆ ಹಿಡಿದು ನೋಡಿಸಿ. ನಡುವಿನ ಪಿನ್ನುಗಳನ್ನು ಮುಟ್ಟುವುದು ಬೇಡ. 5 ವೋಲ್ಟಿಗಿಂತ ಕೆಳಗಿದ್ದರೆ, ಇಲ್ಲಾ ಸೊನ್ನೆಯನ್ನೇ ತೋರಿಸಿದರೆ, ಬ್ಯಾಟರಿ ತೀರಾ ಬರಿದಾಗಿ ಒಳಗಿನ ರಕ್ಷಣೆಯ ಸರ್ಕ್ಯೂಟ್ ಅದನ್ನು ಮುಚ್ಚಿಬಿಟ್ಟಿದೆ ಅಂತ ತಿಳಿಯಿರಿ. ದೀಪ ಹಾಗೆ ಪಟಪಟ ಮಿನುಗುವುದು ಹೆಚ್ಚಿನ ಚಾರ್ಜರುಗಳಲ್ಲಿ 'ಈ ಬ್ಯಾಟರಿ ಸರಿಯಿಲ್ಲ' ಅನ್ನುವ ಸೂಚನೆ. ಬ್ಯಾಟರಿಯ ಪಿನ್ ಒರೆಸಿ ಇನ್ನೊಮ್ಮೆ ಹಾಕಿ. ಆಗಲೂ ಮಿನುಗಿದರೆ ಅದನ್ನು ಕೈಬಿಡಿ. ನೇರ ವೈರ್ ಕೊಟ್ಟು ಎಬ್ಬಿಸುವ ವಿಡಿಯೊಗಳಿವೆ, ದಯವಿಟ್ಟು ಹಾಗೆ ಮಾಡಬೇಡಿ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಆರಿಸುವುದು ಕಷ್ಟ. ಅದೇ ಮಾಡೆಲ್ಲಿನ ಕ್ಯಾಮೆರಾ ಇರುವ ಗೆಳೆಯರ ಹತ್ತಿರ ಒಂದು ಬ್ಯಾಟರಿ ಕೇಳಿ ತನ್ನಿ. ಅದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ.

ಅದನ್ನು ಹಾಕುವ ಮೊದಲು ಆ ಹಸಿರನ್ನು ತೆಗೆಯಬೇಕು. ಅದು ತಾಮ್ರಕ್ಕೆ ಹಿಡಿದ ಕಿಲುಬು. ಮೇಲಿನ ಚಿನ್ನದ ಲೇಪ ಎಲ್ಲಿ ಸವೆದಿದೆಯೋ ಅಲ್ಲಿ ಅದು ಏಳುತ್ತದೆ. ಕ್ಯಾಮೆರಾದ ತಳ ಮೇಲೆ ಮಾಡಿ ಟಾರ್ಚ್ ಬಿಟ್ಟು ನೋಡಿ. ಬ್ಯಾಟರಿ ಗೂಡಿನ ಆಳದಲ್ಲಿ ಸಣ್ಣ ತಗಡಿನ ಪಿನ್ನುಗಳು ಸಾಲಾಗಿ ಕಾಣುತ್ತವೆ. ಒಂದೊಂದಕ್ಕೂ ಸ್ಪ್ರಿಂಗ್ ಇರುತ್ತದೆ, ಎಲ್ಲವೂ ಒಂದೇ ಎತ್ತರಕ್ಕಿರಬೇಕು. ಒಂದು ಒಳಗೆ ಕುಸಿದು ಕೂತಿದ್ದರೆ ಅಲ್ಲೇ ತೊಂದರೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಐಪಿಎ ಅಂತ ಕೇಳಿದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಕೊಡುತ್ತಾರೆ. 99 ಶೇಕಡಾದ್ದೇ ಬೇಕು. ಇಯರ್ ಬಡ್‌ನ ತುದಿ ಅದರಲ್ಲಿ ಒದ್ದೆ ಮಾಡಿ, ಹಿಂಡಿ, ಪಿನ್ನಿನ ಉದ್ದಕ್ಕೆ ಮೆಲ್ಲಗೆ ಎಳೆಯಿರಿ. ಅಡ್ಡಕ್ಕೆ ತಿಕ್ಕಿದರೆ ಪಿನ್ ಬಾಗುತ್ತದೆ. ಬಡ್ ಹಸಿರಾದರೆ ಎಸೆದು ಹೊಸದು ತಗೊಳ್ಳಿ, ಬಿಳಿಯಾಗಿಯೇ ಬರುವ ತನಕ ಬಿಡಬೇಡಿ. ಬ್ಯಾಟರಿಯ ಮೇಲಿನ ಚಪ್ಪಟೆ ಪಟ್ಟಿಗಳಿಗೆ ಮಕ್ಕಳ ಬಿಳಿ ರಬ್ಬರ್ ಸಾಕು, ಕೊನೆಗೆ ಅದರ ಪುಡಿ ಒರೆಸಿಬಿಡಿ. ಗೂಡಿನೊಳಗೆ ಮಾತ್ರ ರಬ್ಬರ್ ಬೇಡ. ಸ್ಯಾಂಡ್ ಪೇಪರ್ ಎಲ್ಲಿಗೂ ಬೇಡ, ಉಳಿದಿರುವ ಲೇಪವೂ ಹೋಗುತ್ತದೆ. ಸ್ಯಾನಿಟೈಸರ್‌ನಲ್ಲಿ ನೀರು, ಗ್ಲಿಸರಿನ್ ಇರುತ್ತದೆ. ಥಿನ್ನರ್, ಪೆಟ್ರೋಲ್ ತಾಗಿದರೆ ಪ್ಲಾಸ್ಟಿಕ್ಕೇ ಕರಗುತ್ತದೆ. ಅವೂ ಬೇಡ. ಒರೆಸಿ ಮುಗಿದ ಮೇಲೆ ಒಂದು ಗಂಟೆ ಬಾಗಿಲು ತೆರೆದಿಡಿ.

ಕಾರ್ಡ್, ಲೆನ್ಸ್ ಎರಡೂ ಇಲ್ಲದೆ ಬರೀ ಬಾಡಿಯನ್ನು ಆನ್ ಮಾಡಿ. ಹಾಗೆ ಆನ್ ಆಗಿ, ಲೆನ್ಸ್ ಹಾಕಿದಾಗ ಸತ್ತರೆ ತಪ್ಪು ಲೆನ್ಸಿನದು. ಕಾರ್ಡ್ ಶಾರ್ಟ್ ಆಗಿದ್ದರೂ ಕೆಲವು ಕ್ಯಾಮೆರಾ ಏಳುವುದಿಲ್ಲ. ತಾರೀಕು, ಸಮಯ ಕೇಳಿದರೆ ಗಾಬರಿ ಬೇಡ, ಗಡಿಯಾರದ ಸೆಲ್ ಇಳಿದಿದೆ ಅಷ್ಟೇ.

ಪ್ರಶ್ನೆ (ಮತ್ತೆ ಕಾರ್ಕಳದಿಂದ): ಸರ್, ನೀವು ಹೇಳಿದ ಹಾಗೇ ಮಾಡಿದೆ. ಗೆಳತಿಯ ಬ್ಯಾಟರಿ ಹಾಕಿದಾಗ ಬಾಗಿಲನ್ನು ಬೆರಳಿನಿಂದ ಒತ್ತಿ ಹಿಡಿದರೆ ಮಾತ್ರ ಆನ್ ಆಗುತ್ತದೆ! ಬಿಟ್ಟರೆ ಆಫ್.

ಉತ್ತರ: ಬಹಳ ಖುಷಿಯಾಯಿತು. ಬೋರ್ಡ್ ಚೆನ್ನಾಗಿದೆ. ಬ್ಯಾಟರಿ ಬಾಗಿಲ ಅಂಚಿನಲ್ಲಿ ಒಂದು ಸಣ್ಣ ಮೊಳೆಯಂಥ ಪ್ಲಾಸ್ಟಿಕ್ ಇರುತ್ತದೆ. ಬಾಗಿಲು ಮುಚ್ಚಿದಾಗ ಅದು ಬಾಡಿಯ ಒಂದು ಸ್ವಿಚ್ಚನ್ನು ಒತ್ತಬೇಕು. ಫೋಟೊ ಕಾರ್ಡಿಗೆ ಬರೆಯುತ್ತಿರುವಾಗ ಯಾರಾದರೂ ಬ್ಯಾಟರಿ ಎಳೆದರೆ ಫೈಲ್ ಕೆಡುತ್ತದೆ ಅಲ್ವಾ, ಅದಕ್ಕೆ ಈ ಏರ್ಪಾಡು. ಕ್ಯಾನನ್‌ನ ಅನೇಕ ಮಾಡೆಲ್ಲುಗಳಲ್ಲಿ ಕಾರ್ಡಿನ ಬಾಗಿಲಿಗೂ ಹೀಗೆಯೇ ಇದೆ. ಬ್ಯಾಟರಿ ತೆಗೆದು, ಸ್ವಿಚ್ಚಿನ ಬುಡಕ್ಕೆ ಐಪಿಎ ಒಂದೇ ಹನಿ ಮುಟ್ಟಿಸಿ, ಕಡ್ಡಿಯಿಂದ ಹತ್ತಿಪ್ಪತ್ತು ಸಲ ಒತ್ತಿ ಬಿಡಿ. ಒಣಗಿಸಿ ನೋಡಿ. ಆಗಲೂ ಹಾಗೇ ಇದ್ದರೆ ಬಾಗಿಲ ಮೊಳೆ ಸವೆದಿದೆ, ಹೊಸ ಬಾಗಿಲು ಹಾಕಿಸಿ. ಇದು ಸಣ್ಣ ಖರ್ಚಿನ ಕೆಲಸ. ಕಾಗದ ಮಡಚಿ ತುರುಕಿ ಕೆಲಸ ಸಾಗಿಸಬೇಡಿ. ಆಟದ ನಡುವೆ, ವೇಷ ರಂಗಸ್ಥಳಕ್ಕೆ ನುಗ್ಗುವ ಹೊತ್ತಿಗೇ ಕೈಕೊಡುತ್ತದೆ.

ಮುಂದಿನ ಮಳೆಗಾಲಕ್ಕೆ ಬ್ಯಾಗಿನಲ್ಲಿ ಇಡಲೇಬೇಡಿ. ಬ್ಯಾಗಿನ ಸ್ಪಂಜು ತೇವ ಹಿಡಿದುಕೊಳ್ಳುತ್ತದೆ, ಲೆನ್ಸಿಗೆ ಫಂಗಸ್ ಬರುವುದೂ ಅಲ್ಲಿಂದಲೇ ಜಾಸ್ತಿ. ಬಿಗಿ ಡಬ್ಬಿ, ಸಿಲಿಕಾ ಜೆಲ್, ಒಳಗೊಂದು ಸಣ್ಣ ತೇವಾಂಶ ಮೀಟರ್ ಸಾಕು. ಅದು 40ರಿಂದ 50 ಶೇಕಡಾ ತೋರಿಸುತ್ತಿರಲಿ. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಬದಲಿಸಿ. ಬ್ಯಾಟರಿಯನ್ನು ಕ್ಯಾಮೆರಾದಿಂದ ಹೊರಗೆ ತೆಗೆದು, ಅರ್ಧ ಚಾರ್ಜಿನಲ್ಲಿ ಇಡಿ. ತಿಂಗಳಿಗೊಮ್ಮೆ ಕ್ಯಾಮೆರಾ ತೆಗೆದು ನಾಲ್ಕು ಫೋಟೊ ಹೊಡೆಯಿರಿ.

ಪ್ರಶ್ನೆ (ಶಿವಮೊಗ್ಗದಿಂದ): ನನ್ನದು ಹಳೆ ಪುಟ್ಟ ಡಿಜಿಟಲ್ ಕ್ಯಾಮೆರಾ, ಎರಡು ಪೆನ್ ಸೆಲ್‌ನದು. ಒಳಗೆ ಬಿಳಿ ಪುಡಿ ಕಟ್ಟಿದೆ. ಬಿಚ್ಚಿ ತೊಳೆಯಲಾ?

ಉತ್ತರ: ಬಿಚ್ಚಲೇಬೇಡಿ ಸರ್. ಫ್ಲ್ಯಾಶ್ ಇರುವ ಕ್ಯಾಮೆರಾದ ಒಳಗೆ ಕರೆಂಟ್ ಕೂಡಿಡುವ ಒಂದು ಕೆಪಾಸಿಟರ್ ಇರುತ್ತದೆ. ಸೆಲ್ ತೆಗೆದ ಮೇಲೂ ಅದರಲ್ಲಿ ಸುಮಾರು 300 ವೋಲ್ಟ್ ನಿಂತಿರಬಹುದು. ಅದು ಹೊಡೆದರೆ ಆಟವಲ್ಲ. ಆ ಬಿಳಿ ಪುಡಿ ಆಲ್ಕಲೈನ್ ಸೆಲ್ ಸೋರಿ ಆದದ್ದು, ಕ್ಷಾರ. ಅದಕ್ಕೆ ಹುಳಿ ಬೇಕು. ಕೈಗವಸು ಹಾಕಿ, ಗೂಡಿನ ಬಾಯಿ ಕೆಳಗೆ ಮಾಡಿ ಪುಡಿ ಉದುರಿಸಿ. ಬಿಳಿ ವಿನಿಗರ್ ಇಲ್ಲವೇ ನಿಂಬೆರಸ ಸ್ವಲ್ಪವೇ ಹಚ್ಚಿದ ಬಡ್‌ನಿಂದ ಸ್ಪ್ರಿಂಗ್ ಒರೆಸಿ. ನೊರೆ ಬರುವುದು ನಿಂತ ಮೇಲೆ ಐಪಿಎಯಿಂದ ಮತ್ತೊಮ್ಮೆ ಒರೆಸಿ. ಹುಳಿ ಅಲ್ಲೇ ಉಳಿಯಬಾರದು. ಹಳೆ ಸೆಲ್ಲಿನ ಜೊತೆ ಹೊಸ ಸೆಲ್ ಬೆರೆಸಬೇಡಿ.

ಪ್ರಶ್ನೆ (ಧಾರವಾಡದಿಂದ): ನಮ್ಮ ಅಪ್ಪಾಜಿಯವರ ಪೆಂಟಾಕ್ಸ್ ಕೆ1000 ರೀಲ್ ಕ್ಯಾಮೆರಾ ಐತ್ರಿ. ಆನ್ ಮಾಡೋ ಬಟನ್ನೇ ಕಾಣವಲ್ದು. ಮೀಟರಿನ ಮುಳ್ಳು ಅಲುಗಾಡಂಗಿಲ್ಲ. ಹಾಳಾಗೇತೇನ್ರಿ?

ಉತ್ತರ: ಇಲ್ಲರೀ. ಆ ಕ್ಯಾಮೆರಾಕ್ಕೆ ಆನ್ ಬಟನ್ನೇ ಇಲ್ಲ. 1976ರಲ್ಲಿ ಬಂದ ಪೂರ್ತಿ ಮೆಕ್ಯಾನಿಕಲ್ ಯಂತ್ರ ಅದು. ಲಿವರ್ ಎಳೆದು ಒತ್ತಿದರೆ ಸೆಲ್ ಇಲ್ಲದೆಯೂ ಶಟರ್ ಬೀಳಬೇಕು. ಸೆಲ್ ಬೇಕಾಗುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ತಳದ ದುಂಡು ಮುಚ್ಚಳವನ್ನು ನಾಣ್ಯದಿಂದ ತಿರುಗಿಸಿ ತೆಗೆದು, ಎಲ್‌ಆರ್44 ಸೆಲ್ ಒಂದು ಹಾಕಿ. ಮುಚ್ಚಳದ ಎಳೆಗಳಲ್ಲಿ ಕಿಲುಬಿದ್ದರೆ ಮೊದಲು ಅದನ್ನು ಒರೆಸಿ. ಮೀಟರಿಗೂ ಸ್ವಿಚ್ ಇಲ್ಲ, ಲೆನ್ಸಿಗೆ ಬೆಳಕು ಬೀಳುತ್ತಿರುವಷ್ಟು ಹೊತ್ತೂ ಸೆಲ್ ಸುಡುತ್ತಿರುತ್ತದೆ. ಬಳಸದಾಗ ಲೆನ್ಸ್ ಕ್ಯಾಪ್ ಹಾಕಿಡಿ. ಅಪ್ಪಾಜಿಯವರ ಕ್ಯಾಮೆರಾ, ಒಂದು ರೀಲ್ ಹಾಕಿ ನೋಡಿ.

ಪ್ರಶ್ನೆ (ಮಲ್ಪೆಯಿಂದ): ಅಣ್ಣ, ನಿನ್ನೆ ದೋಣಿಯಲ್ಲಿ ಅಲೆ ಹಾರಿ ಕ್ಯಾಮೆರಾ ಒದ್ದೆಯಾಯಿತು. ಆಮೇಲೆ ಆನ್ ಆಗಿಲ್ಲ. ಸಿಲಿಕಾ ಜೆಲ್‌ನಲ್ಲಿ ಇಡಲಾ?

ಉತ್ತರ: ಉಪ್ಪುನೀರಿಗೆ ಆ ಮದ್ದು ನಡೆಯದು ತಮ್ಮ. ನೀರು ಆರಿದರೂ ಉಪ್ಪು ಉಳಿಯುತ್ತದೆ, ಅದು ಗಾಳಿಯ ತೇವ ಎಳೆದುಕೊಂಡು ತಿನ್ನುತ್ತಲೇ ಇರುತ್ತದೆ. ಬಿಚ್ಚಿ ಉಪ್ಪು ತೊಳೆಯಬೇಕು, ಅದು ಬೆಂಚಿನ ಮೇಲೆ ಆಗುವ ಕೆಲಸ. ಬ್ಯಾಟರಿ ಈಗಲೇ ತೆಗಿ, ಚಾರ್ಜಿಗೂ ಹಾಕಬೇಡ. ಹತ್ತಿರದ ರಿಪೇರಿಯವರ ಹತ್ತಿರ ಇವತ್ತೇ ಹೋಗು, 'ಸಮುದ್ರದ ನೀರು' ಅಂತ ಮರೆಯದೆ ಹೇಳು.