ಕಳಚಿದ ಕ್ಯಾಪ್ ಏನು ಹೇಳುತ್ತದೆ? ಬಾಂಡಿಂಗ್ ಮತ್ತು ಸಿಮೆಂಟ್ ಕುರಿತು ಪ್ರಶ್ನೋತ್ತರ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ದಂತವೈದ್ಯರು, ವಿದ್ಯಾರ್ಥಿಗಳು, ರೋಗಿಗಳು ಇರುವ ನಮ್ಮ ಗುಂಪಿನಲ್ಲಿ ಈ ವಾರದ ಪ್ರಶ್ನೆಗಳಿಗೆ ಹಾಸನದ ಹಿರಿಯ ದಂತವೈದ್ಯೆಯೊಬ್ಬರು ಉತ್ತರಿಸಿದ್ದಾರೆ.

ಪ್ರಶ್ನೆ, ಬೇಲೂರಿನ ದಂತವೈದ್ಯರಿಂದ: ನಮಸ್ಕಾರ ಮೇಡಂ. ಈಚೆಗೆ ಸ್ವಂತ ಕ್ಲಿನಿಕ್ ತೆರೆದಿದ್ದೇನೆ. ನಾನು ಕೂರಿಸಿದ ಜಿರ್ಕೋನಿಯಾ (ಗಟ್ಟಿ ಬಿಳಿ ಸೆರಾಮಿಕ್) ಕ್ಯಾಪ್‌ಗಳಲ್ಲಿ ಕೆಲವು ಕಳಚಿ ಬರುತ್ತಿವೆ. ರೋಗಿಗಳು ಅದನ್ನು ಕಾಗದದಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟಾಗ ಮುಖ ಎತ್ತಲು ಆಗುವುದಿಲ್ಲ. ಬಳಸುತ್ತಿರುವುದು ಸಾಮಾನ್ಯ ಜಿಐಸಿ, ಅಂದರೆ ಪುಡಿ ಮತ್ತು ದ್ರವ ಕಲಸುವ ಗ್ಲಾಸ್ ಅಯಾನೊಮರ್ ಸಿಮೆಂಟ್. ರೆಸಿನ್ ಸಿಮೆಂಟ್ (ಪ್ಲಾಸ್ಟಿಕ್ ಜಾತಿಯ ಅಂಟು) ಕೊಂಡರೆ ಈ ತೊಂದರೆಯೇ ಇರುವುದಿಲ್ಲ ಎಂದು ಮಾರಾಟ ಪ್ರತಿನಿಧಿ ಹೇಳುತ್ತಾರೆ, ಆದರೆ ಬೆಲೆ ಹಲವು ಪಟ್ಟು. ಯಾವ ಕಂಪನಿಯದನ್ನು ನಂಬಬಹುದು?

ಉತ್ತರ: ಕಂಪನಿಯ ಮಾತು ಆಮೇಲೆ. ಮುಂದಿನ ಸಲ ಯಾರಾದರೂ ಕ್ಯಾಪ್ ತಂದರೆ ಅದನ್ನು ತೊಳೆಯಬೇಡಿ. ಲೂಪ್ (ಭೂತಗನ್ನಡಿ) ಹಾಕಿಕೊಂಡು, ಬೆಳಕಿನ ಕೆಳಗೆ ಅದರ ಒಳಭಾಗವನ್ನೂ ಹಲ್ಲನ್ನೂ ನೋಡಿ. ಸಿಮೆಂಟ್ ಎಲ್ಲಿ ಉಳಿದಿದೆ? ಕ್ಯಾಪಿನೊಳಗೆ ಪೂರ್ತಿ ಅಂಟಿಕೊಂಡು ಹಲ್ಲು ಬೋಳಾಗಿದ್ದರೆ ಹಲ್ಲಿನ ಕಡೆ ಹಿಡಿತ ತಪ್ಪಿದೆ: ಎಂಜಲು ತಾಗಿರಬಹುದು, ತಾತ್ಕಾಲಿಕ ಸಿಮೆಂಟಿನ ಪದರ ಉಳಿದಿರಬಹುದು, ಹಲ್ಲನ್ನು ಅತಿಯಾಗಿ ಒಣಗಿಸಿರಬಹುದು. ಸಿಮೆಂಟೆಲ್ಲ ಹಲ್ಲಿನ ಮೇಲೆ ಉಳಿದು ಕ್ಯಾಪಿನ ಒಳಗೋಡೆ ಗಾಜಿನಂತೆ ನುಣುಪಾಗಿ ಹೊಳೆಯುತ್ತಿದ್ದರೆ ದೋಷ ಕ್ಯಾಪಿನ ಕಡೆಯದು. ಎರಡೂ ಕಡೆ ಚೂರುಚೂರಾಗಿ ಉಳಿದಿದ್ದರೆ ಸಿಮೆಂಟೇ ದುರ್ಬಲವಾಗಿತ್ತು. ಪುಡಿ ಮತ್ತು ದ್ರವದ ಅಳತೆ ತಪ್ಪಿರುವ ಸಾಧ್ಯತೆ ಹೆಚ್ಚು.

ಇನ್ನು ಹಲ್ಲನ್ನು ಅಳೆಯಿರಿ. ದವಡೆ ಹಲ್ಲಿನ ಪ್ರೆಪರೇಷನ್, ಅಂದರೆ ಕ್ಯಾಪಿಗಾಗಿ ಕೊರೆದು ಉಳಿಸಿದ ಹಲ್ಲು, ಕನಿಷ್ಠ 4 ಮಿಲಿಮೀಟರ್ ಎತ್ತರವಿರಬೇಕು, ಮುಂದಿನ ಹಲ್ಲು ಮತ್ತು ಸಣ್ಣ ದವಡೆ ಹಲ್ಲಾದ ಪ್ರೀಮೋಲಾರ್‌ಗೆ 3 ಮಿಲಿಮೀಟರ್. ಎದುರುಬದುರು ಗೋಡೆಗಳ ಒಟ್ಟು ಇಳಿಜಾರು 10ರಿಂದ 20 ಡಿಗ್ರಿಯೊಳಗೆ ಇರಲಿ. ಇಷ್ಟಿದ್ದರೆ ಒಳ್ಳೆಯ ಜಿಐಸಿಯೇ ಸಾಕು, ಪ್ರತಿನಿಧಿಗೆ ಚಹಾ ಕೊಟ್ಟು ಕಳುಹಿಸಿ. ಹಲ್ಲು ಮೋಟಾಗಿದ್ದರೆ, ಗೋಡೆಗಳು ಶಂಕುವಿನ ಆಕಾರಕ್ಕೆ ಬಂದಿದ್ದರೆ, ಆಗ ರೆಸಿನ್ ಸಿಮೆಂಟಿಗೆ ಹಣ ಹಾಕುವುದರಲ್ಲಿ ಅರ್ಥವಿದೆ.

ಅದೇ ಬೇಲೂರಿನ ವೈದ್ಯರು, ಮರುದಿನ: ನಿನ್ನೆ ಬಂದ ಕ್ಯಾಪನ್ನು ನೀವು ಹೇಳಿದಂತೆ ನೋಡಿದೆ ಮೇಡಂ. ಒಳಗೆ ನುಣುಪಾಗಿ ಹೊಳೆಯುತ್ತಿದೆ, ಸಿಮೆಂಟ್ ಹಲ್ಲಿನ ಮೇಲೇ ಇದೆ. ಹಲ್ಲಿನ ಎತ್ತರ 3 ಮಿಲಿಮೀಟರ್ ಕೂಡ ಇಲ್ಲ. ಒಳಭಾಗಕ್ಕೆ ಎಚ್‌ಎಫ್ (ಹೈಡ್ರೋಫ್ಲೋರಿಕ್) ಆಸಿಡ್ ಹಚ್ಚಿದರೆ ಆಗುವುದೇ?

ಉತ್ತರ: ಆಗುವುದಿಲ್ಲ. ಎಚ್‌ಎಫ್ ಆಸಿಡ್ ಕರಗಿಸುವುದು ಗಾಜಿನಂಶವನ್ನು. ಕ್ಯಾಪ್ ಮಾಡುವ ಇನ್ನೊಂದು ಸೆರಾಮಿಕ್ ಆದ ಲಿಥಿಯಂ ಡೈಸಿಲಿಕೇಟ್‌ನಲ್ಲಿ ಅದು ಇದೆ, ಆದ್ದರಿಂದಲೇ ಅಲ್ಲಿ ಶೇ. 5ರ ಎಚ್‌ಎಫ್ 20 ಸೆಕೆಂಡ್ ಹಚ್ಚಿ, ತೊಳೆದು, ಸೈಲೇನ್ (ಗಾಜನ್ನು ರೆಸಿನ್‌ಗೆ ಬೆಸೆಯುವ ದ್ರವ) ಬಳಿಯುತ್ತೇವೆ. ಜಿರ್ಕೋನಿಯಾದಲ್ಲಿ ಗಾಜಿಲ್ಲ, ಹಚ್ಚಿದ ಆಸಿಡ್ ವ್ಯರ್ಥ, ಕೈಗೆ ತಾಗಿದರೆ ಅಪಾಯ ಬೇರೆ.

ಜಿರ್ಕೋನಿಯಾಕ್ಕೆ ದಾರಿ ಬೇರೆ. 50 ಮೈಕ್ರಾನ್ ಅಲ್ಯುಮಿನಾ ಪುಡಿಯನ್ನು ಕಡಿಮೆ ಒತ್ತಡದಲ್ಲಿ, ಒಂದರಿಂದ ಎರಡು ಬಾರ್‌ನಲ್ಲಿ, ಒಳಗೋಡೆಯ ಮೇಲೆ ಹಾಯಿಸಬೇಕು. ಹೊಳಪು ಹೋಗಿ ಮಂಕಾಗುವುದು ಕಣ್ಣಿಗೇ ಕಾಣುತ್ತದೆ. ಅದರ ಮೇಲೆ 10-ಎಂಡಿಪಿ ಎಂಬ ಅಂಟಿಸುವ ರಾಸಾಯನಿಕ ಇರುವ ಪ್ರೈಮರ್ (ಸಿಮೆಂಟಿಗೆ ಮೊದಲು ಬಳಿಯುವ ದ್ರವ). ಈ ಎಂಡಿಪಿ ಜಪಾನಿನ ಕುರಾರೆ ಕಂಪನಿಯಿಂದ ಬಂದದ್ದು. 1983ರ ಪನೇವಿಯಾ ಸಿಮೆಂಟಿನಲ್ಲಿಯೇ ಇತ್ತು. ಅಣುವಿನ ಫಾಸ್ಫೇಟ್ ತುದಿ ಜಿರ್ಕೋನಿಯಾಕ್ಕೆ ರಾಸಾಯನಿಕವಾಗಿ ಅಂಟುತ್ತದೆ, ಇನ್ನೊಂದು ತುದಿ ರೆಸಿನ್‌ನೊಂದಿಗೆ ಸೇರಿಕೊಳ್ಳುತ್ತದೆ. ಈಗ ಹಲವು ಕಂಪನಿಗಳ ಅಂಟುದ್ರವಗಳಾದ ಯೂನಿವರ್ಸಲ್ ಬಾಂಡ್‌ಗಳಲ್ಲಿಯೂ ಎಂಡಿಪಿ ಇರುತ್ತದೆ, ಆದರೆ ಎಲ್ಲದರಲ್ಲೂ ಇರುವುದಿಲ್ಲ. ಡಬ್ಬಿಯ ಮೇಲಿನ ದೊಡ್ಡಕ್ಷರ ಬಿಟ್ಟು ಒಳಗಿನ ಚೀಟಿಯಲ್ಲಿ ಘಟಕಗಳ ಪಟ್ಟಿ ಓದಿ.

ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ಲ್ಯಾಬಿನವರು ಒಳಭಾಗಕ್ಕೆ ಹೀಗೆ ಪುಡಿ ಹಾಯಿಸಿ (ಬ್ಲಾಸ್ಟ್ ಮಾಡಿ) ಕಳುಹಿಸಿರುತ್ತಾರೆ, ನಾವು ಬಾಯಲ್ಲಿಟ್ಟು ಹೊಂದುತ್ತದೆಯೇ ಎಂದು ನೋಡುತ್ತೇವೆ, ನೀರಲ್ಲಿ ತೊಳೆದು ಸಿಮೆಂಟ್ ತುಂಬುತ್ತೇವೆ. ಎಂಜಲಿನಲ್ಲಿರುವ ಫಾಸ್ಫೇಟ್ ಅಷ್ಟರಲ್ಲಿ ಜಿರ್ಕೋನಿಯಾದ ಮೇಲೆ ಕುಳಿತುಬಿಟ್ಟಿರುತ್ತದೆ. ಎಂಡಿಪಿ ಹಿಡಿಯಬೇಕಾದ ಜಾಗ ಭರ್ತಿ. ನೀರಿಗೆ ಅದು ಹೋಗುವುದಿಲ್ಲ. ಸ್ವಚ್ಛ ಮಾಡಲೆಂದು ಹಲ್ಲಿನ ಮೇಲ್ಮೈ ಒರಟು ಮಾಡುವ ಎಚ್ಚಿಂಗ್ ಜೆಲ್ ಹಚ್ಚುವವರೂ ಇದ್ದಾರೆ. ಅದು ಫಾಸ್ಫಾರಿಕ್ ಆಸಿಡ್, ಅಂದರೆ ಇನ್ನಷ್ಟು ಫಾಸ್ಫೇಟ್. ಬಾಯಲ್ಲಿ ಹೊಂದಿಸಿ ನೋಡಿದ ಮೇಲೆ ಮತ್ತೆ ಬ್ಲಾಸ್ಟ್ ಮಾಡಿ, ಇಲ್ಲವೇ ಇದಕ್ಕೆಂದೇ ಬರುವ ಕ್ಲೀನರ್ ಬಳಸಿ. ಮೇಜಿನ ಮೇಲಿಡುವ ಸಣ್ಣ ಸ್ಯಾಂಡ್‌ಬ್ಲಾಸ್ಟರ್ ಇಲ್ಲದೆ ಜಿರ್ಕೋನಿಯಾ ಕೆಲಸ ಹೆಚ್ಚಾಗಿ ಮಾಡುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ದುಬಾರಿ ಸಿಮೆಂಟಿಗಿಂತ ಮೊದಲು ಅದನ್ನು ಕೊಳ್ಳಿ.

ಸಿಮೆಂಟ್ ಯಾವುದು ಎಂದರೆ, ನಿಮ್ಮ ಮೋಟು ಹಲ್ಲಿಗೆ ಎಂಡಿಪಿ ಇರುವ ರೆಸಿನ್ ಸಿಮೆಂಟ್. ಎತ್ತರ ಸಾಕಷ್ಟಿರುವ ಹಲ್ಲಿಗೆ ರೆಸಿನ್ ಮಾಡಿಫೈಡ್ (ರೆಸಿನ್ ಬೆರೆಸಿದ) ಜಿಐಸಿ. ಒಸಡಿನ ಕೆಳಗೆ ಅಂಚು ಹೋಗಿದ್ದು ಪೂರ್ತಿ ಒಣಗಿಸಲು ಆಗದ ಕಡೆ ಅದೇ ಹೆಚ್ಚು ಕ್ಷಮಿಸುತ್ತದೆ. ಬೇರೆ ಬಾಂಡ್ ಬೇಡದ ಸೆಲ್ಫ್ ಅಡ್ಹೆಸಿವ್ ರೆಸಿನ್ ಸಿಮೆಂಟ್ 2002ರಿಂದ ಮಾರುಕಟ್ಟೆಯಲ್ಲಿದೆ, ಕ್ಯಾಪ್‌ಗೆ ಅನುಕೂಲ. ಆದರೆ ಎನಾಮೆಲ್ (ಹಲ್ಲಿನ ಹೊರಪದರ) ಮೇಲೆ ಅದರ ಹಿಡಿತ ಸಾಲದು, ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆಯಾದ ವಿನೀರ್‌ಗೆ ಬಳಸಬೇಡಿ.

ಪ್ರಶ್ನೆ, ಮೂಡಿಗೆರೆಯ ದಂತವೈದ್ಯರಿಂದ: ಮಳೆಗಾಲ ಬಂತೆಂದರೆ ನಮ್ಮಲ್ಲಿ ಫಿಲ್ಲಿಂಗ್‌ಗಳು ಹೆಚ್ಚು ಬಿದ್ದುಹೋಗುತ್ತವೆ. ಕೊಟ್ಟಿಗೆಹಾರದ ಕಡೆಯ ತೇವ ನಿಮಗೆ ಗೊತ್ತೇ ಇದೆ, ಗೋಡೆಯೇ ಬೆವರುತ್ತದೆ. ಬಾಂಡ್ ಬದಲಿಸಬೇಕೇ?

ಉತ್ತರ: ಮೊದಲು ಕಂಪ್ರೆಸರ್ ನೋಡಿ ಡಾಕ್ಟರೇ. ಗಾಳಿ ಮತ್ತು ನೀರು ಊದುವ ತ್ರೀ ವೇ ಸಿರಿಂಜ್‌ನ ಗಾಳಿಯನ್ನು ಕನ್ನಡಿಗೆ ಹಿಡಿದು ಊದಿ. ಹನಿ ಅಥವಾ ಎಣ್ಣೆಯ ಪಸೆ ಕಂಡರೆ ನಿಮ್ಮ ಕಳ್ಳ ಸಿಕ್ಕಿಬಿದ್ದ. ತೇವದ ಗಾಳಿಯನ್ನು ಒತ್ತಿ ತುಂಬಿದಾಗ ಟ್ಯಾಂಕಿನ ತಳದಲ್ಲಿ ನೀರು ನಿಲ್ಲುತ್ತದೆ. ನೀವು ಹಲ್ಲು ಒಣಗಿಸುತ್ತಿದ್ದೇನೆ ಎಂದುಕೊಂಡು ನೀರು ಚಿಮುಕಿಸುತ್ತಿರುತ್ತೀರಿ. ಮಳೆಗಾಲದಲ್ಲಿ ಪ್ರತಿ ಸಂಜೆ ಟ್ಯಾಂಕಿನ ಕೆಳಗಿನ ವಾಲ್ವ್ ತೆಗೆದು ನೀರು ಬಸಿಯಿರಿ, ಲೈನಿಗೆ ಫಿಲ್ಟರ್ ಹಾಕಿಸಿ.

ಎರಡನೆಯದು ರಬ್ಬರ್ ಡ್ಯಾಮ್, ಹಲ್ಲನ್ನು ಮಾತ್ರ ಹೊರಗೆ ಬಿಟ್ಟು ಬಾಯಿ ಮುಚ್ಚುವ ರಬ್ಬರ್ ಹಾಳೆ. ಹೊರಗೆ ಬಿಸಿಲಿರಲಿ ಮಳೆಯಿರಲಿ, ಬಾಯೊಳಗೆ ಉಸಿರಿನ ತೇವ ಇದ್ದೇ ಇರುತ್ತದೆ. ಕಾಟನ್ ರೋಲ್ ಎಂಜಲನ್ನು ತಡೆಯುತ್ತದೆ, ಉಸಿರನ್ನು ತಡೆಯುವುದಿಲ್ಲ. ಹಸಿ ಗೋಡೆಗೆ ಬಣ್ಣ ಬಳಿದು ಬಣ್ಣದ ಕಂಪನಿಯನ್ನು ಬೈದ ಹಾಗಾಗುತ್ತದೆ ಇಲ್ಲವಾದರೆ.

ಜಿಐಸಿ ಪುಡಿಯ ಬಾಟಲಿಯ ಮುಚ್ಚಳ ಕೂಡಲೇ ಹಾಕಿ, ಅದು ತೇವ ಹೀರುತ್ತದೆ. ಕಲಸಿದ ಜಿಐಸಿಯ ಮೇಲ್ಮೈ ಹೊಳೆಯುತ್ತಿರುವಾಗಲೇ ಹಲ್ಲಿಗೆ ಹೋಗಬೇಕು. ಹಲ್ಲಿನ ಕ್ಯಾಲ್ಸಿಯಂ ಹಿಡಿಯಬೇಕಾದ ಆಮ್ಲ ಆ ಹೊಳಪಿನಲ್ಲಿಯೇ ಇರುವುದು. ಮಂಕಾದ ಮೇಲೆ ತುಂಬಿದರೆ ಅದು ಕೇವಲ ಗಾರೆ. ತುಂಬಿದ ಮೇಲೆ ವಾರ್ನಿಷ್ ಅಥವಾ ವ್ಯಾಸಲೀನ್ ಸವರಿ.

ಇಷ್ಟಾದ ಮೇಲೂ ಬಿದ್ದರೆ ಬಾಂಡ್ ವಿಷಯ ಮಾತನಾಡೋಣ.

ಪ್ರಶ್ನೆ, ಕಡೂರಿನ ದಂತವೈದ್ಯೆಯಿಂದ: ನಮ್ಮಲ್ಲಿ ತದ್ವಿರುದ್ಧ ಮೇಡಂ, ಮಳೆಯೇ ಇಲ್ಲ! ಬೋರ್‌ವೆಲ್ ನೀರು ಕುಡಿದು ಬೆಳೆದವರಲ್ಲಿ ಹಳದಿ, ಕಂದು ಕಲೆಯ ಹಲ್ಲುಗಳು. ಮುಂದಿನ ಹಲ್ಲಿಗೆ ಕಾಂಪೋಸಿಟ್ (ಹಲ್ಲಿನ ಬಣ್ಣದ ರೆಸಿನ್ ಫಿಲ್ಲಿಂಗ್) ಮಾಡಿದರೆ ಅಂಚಿನಲ್ಲಿ ಏಳುತ್ತದೆ. ಬೇರೆ ಆಸಿಡ್ ಹಚ್ಚದೆ ನೇರ ಬಳಿಯುವ ಸೆಲ್ಫ್ ಎಚ್ ಬಾಂಡ್ ಬಳಸುತ್ತೇನೆ.

ಉತ್ತರ: ಫ್ಲೋರೋಸಿಸ್ (ನೀರಿನ ಅತಿಯಾದ ಫ್ಲೋರೈಡ್‌ನಿಂದ ಕಲೆಯಾದ) ಹಲ್ಲಿಗೆ ಸೆಲ್ಫ್ ಎಚ್ ಒಂದೇ ಸಾಲದು ಡಾಕ್ಟರ್. ಆ ಎನಾಮೆಲ್‌ನ ಮೇಲ್ಪದರ ಆಮ್ಲಕ್ಕೆ ಬಗ್ಗುವುದಿಲ್ಲ. ಮೃದು ಸೆಲ್ಫ್ ಎಚ್ ಬಾಂಡ್‌ನ ಪಿಎಚ್ ಸುಮಾರು 2, ಅದು ಅಲ್ಲಿ ಏನೂ ಮಾಡಲಾರದು. ಸಣ್ಣ ಡೈಮಂಡ್ ಬರ್‌ನಿಂದ ಮೇಲ್ಪದರವನ್ನು ತುಸು ತೆಗೆಯಿರಿ, ಆಮೇಲೆ ಶೇ. 37ರ ಫಾಸ್ಫಾರಿಕ್ ಆಸಿಡ್ ಅನ್ನು ಎನಾಮೆಲ್‌ಗೆ ಮಾತ್ರ ಹಚ್ಚಿ. ಸಾಮಾನ್ಯ ಹಲ್ಲಿಗೆ 15ರಿಂದ 30 ಸೆಕೆಂಡ್ ಸಾಕು, ಇಲ್ಲಿ ಅದಕ್ಕಿಂತ ಹೆಚ್ಚು ಬೇಕು. ಗಡಿಯಾರಕ್ಕಿಂತ ಹಲ್ಲನ್ನು ನೋಡಿ: ತೊಳೆದು ಒಣಗಿಸಿದಾಗ ಸುಣ್ಣ ಬಳಿದಂತೆ ಬಿಳುಪು ಬರಬೇಕು. ಬರದಿದ್ದರೆ ಮತ್ತೊಮ್ಮೆ ಹಚ್ಚಿ. ಎನಾಮೆಲ್ ಕೆಳಗಿನ ಪದರವಾದ ಡೆಂಟಿನ್‌ಗೆ ಆಸಿಡ್ ತಾಗಿದರೆ ಮಾತ್ರ 15 ಸೆಕೆಂಡ್ ದಾಟಬೇಡಿ.

1955ರಲ್ಲಿ ಬುವನೊಕೋರ್ ಮೊದಲ ಬಾರಿ ಎನಾಮೆಲ್ ಎಚ್ಚಿಂಗ್ ತೋರಿಸಿದಾಗ ಬಳಸಿದ್ದು ಶೇ. 85ರ ಆಸಿಡ್. ಆಸಿಡ್‌ನ ಪ್ರಮಾಣ ಇಳಿದರೂ ಎನಾಮೆಲ್ ವಿಷಯದಲ್ಲಿ ಅದಕ್ಕಿಂತ ನಂಬಿಗಸ್ತ ಹಿಡಿತ ಇನ್ನೂ ಬಂದಿಲ್ಲ.

ಇನ್ನೊಂದು ಮಾತು. ಕಲೆ ತೆಗೆಯಲೆಂದು ಮೊದಲು ಬ್ಲೀಚಿಂಗ್ ಮಾಡಿದ್ದರೆ ಒಂದೆರಡು ವಾರ ಬಿಟ್ಟು ಕಾಂಪೋಸಿಟ್ ಮಾಡಿ. ಹಲ್ಲಿನೊಳಗೆ ಉಳಿದ ಆಮ್ಲಜನಕ ರೆಸಿನ್ ಗಟ್ಟಿಯಾಗಲು ಬಿಡುವುದಿಲ್ಲ. ಮದುವೆ ಗೊತ್ತಾದ ಹುಡುಗಿಯರು ನಾಳೆಯೇ ಬೇಕು ಎಂದು ಪಟ್ಟು ಹಿಡಿಯುತ್ತಾರೆ, ಮಣಿಯಬೇಡಿ.

ಪ್ರಶ್ನೆ, ಅರಸೀಕೆರೆಯ ನಿವೃತ್ತ ಶಿಕ್ಷಕರಿಂದ: ನಾನು ವೈದ್ಯನಲ್ಲ, ರೋಗಿ. ದವಡೆ ಹಲ್ಲಿನ ಕ್ಯಾಪ್ ಕೈಗೆ ಬಂದಿದೆ, ನೋವೇನೂ ಇಲ್ಲ. ಮೊಮ್ಮಗ ಅಂಗಡಿಯಿಂದ ಸೂಪರ್ ಗ್ಲೂ ತಂದು ಅಂಟಿಸುತ್ತೇನೆ ಎನ್ನುತ್ತಿದ್ದಾನೆ. ಪರವಾಗಿಲ್ಲವೇ ತಾಯಿ?

ಉತ್ತರ: ಮೊಮ್ಮಗನ ಕೈಯಿಂದ ಆ ಟ್ಯೂಬನ್ನು ಇಸಿದುಕೊಳ್ಳಿ ಮೇಷ್ಟ್ರೇ. ಒಂದು ಕೂದಲೆಳೆಯಷ್ಟು ಎತ್ತರಕ್ಕೆ ಕ್ಯಾಪ್ ಕುಳಿತರೂ ಕಚ್ಚುವಾಗ ಭಾರವೆಲ್ಲ ಅದರ ಮೇಲೇ ಬೀಳುತ್ತದೆ. ಆ ಅಂಟು ಒಸಡನ್ನು ಸುಡುತ್ತದೆ, ಕ್ಯಾಪಿನೊಳಗೆ ಗಟ್ಟಿಯಾದರೆ ನಾವು ಮತ್ತೆ ಬಳಸಲೂ ಆಗದಂತೆ ಕೆಡಿಸುತ್ತದೆ. ಸಡಿಲವಾಗಿ ಸಿಕ್ಕಿಸಿಕೊಂಡು ಮಲಗಲೂಬೇಡಿ, ನಿದ್ದೆಯಲ್ಲಿ ಗಂಟಲಿಗೆ ಇಳಿಯಬಹುದು. ಕ್ಯಾಪನ್ನು ಮುಚ್ಚಳವಿರುವ ಸಣ್ಣ ಡಬ್ಬಿಯಲ್ಲಿಡಿ. ಕಾಗದದಲ್ಲಿ ಸುತ್ತಿಟ್ಟದ್ದು ಕಸದ ಬುಟ್ಟಿ ಸೇರಿದ ಕಥೆಗಳು ಬೇಕಾದಷ್ಟಿವೆ. ಈ ವಾರದಲ್ಲಿಯೇ ಹೋಗಿ. ನೋವಿಲ್ಲದಿರುವುದು ರೂಟ್ ಕೆನಾಲ್ ಆದ ಹಲ್ಲಾದ್ದರಿಂದ ಇರಬಹುದು. ತಡವಾದರೆ ಪಕ್ಕದ ಹಲ್ಲುಗಳು ವಾಲಿಕೊಂಡು ಅದೇ ಕ್ಯಾಪ್ ಮತ್ತೆ ಕೂರುವುದಿಲ್ಲ. ಏಕೆ ಕಳಚಿತು ಎಂದು ವೈದ್ಯರನ್ನು ಕೇಳಿ. ಒಳಗೆ ಹುಳುಕಾಗಿದ್ದರೆ ಅದನ್ನು ತೆಗೆಯದೆ ಮತ್ತೆ ಅಂಟಿಸಿಕೊಡಿ ಎಂದು ನೀವೇ ಒತ್ತಾಯಿಸಬೇಡಿ.

ಪ್ರಶ್ನೆ, ಹಾಸನದ ದಂತವೈದ್ಯಕೀಯ ವಿದ್ಯಾರ್ಥಿನಿಯಿಂದ: ರೆಸಿನ್ ಸಿಮೆಂಟ್ ಹಾಕುವ ಮುಂಚೆ ತಾತ್ಕಾಲಿಕ ಕ್ಯಾಪ್‌ಗೆ ಜಿಂಕ್ ಆಕ್ಸೈಡ್ ಯೂಜಿನಾಲ್ (ಲವಂಗದೆಣ್ಣೆಯ ಅಂಶವಿರುವ ಸಿಮೆಂಟ್) ಬಳಸಬಹುದೇ?

ಉತ್ತರ: ಬೇಡಮ್ಮ. ಯೂಜಿನಾಲ್ ರೆಸಿನ್ ಗಟ್ಟಿಯಾಗುವುದಕ್ಕೆ ಅಡ್ಡಿ. ಯೂಜಿನಾಲ್ ಇಲ್ಲದ ತಾತ್ಕಾಲಿಕ ಸಿಮೆಂಟ್ ಸಿಗುತ್ತದೆ. ಯಾವುದನ್ನೇ ಬಳಸಿದ್ದರೂ ಪ್ಯೂಮಿಸ್ ಕಲ್ಲಿನ ಪುಡಿ ಹಾಕಿ ಉಜ್ಜಿ ತೆಗೆಯಬೇಕು.

ಪ್ರಶ್ನೆ, ಸಕಲೇಶಪುರದ ದಂತವೈದ್ಯರಿಂದ: ಎರಡು ಸಂದೇಹ. ಗಾಳಿಮಳೆಗೆ ಮರ ಬಿದ್ದು ಇಡೀ ದಿನ ಕರೆಂಟ್ ಇರುವುದಿಲ್ಲ, ಫ್ರಿಜ್‌ನಲ್ಲಿರುವ ಬಾಂಡ್ ಮತ್ತು ರೆಸಿನ್ ಸಿಮೆಂಟ್ ಕೆಡುತ್ತದೆಯೇ? ಮತ್ತೆ, ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ಸಿಗುವ ಬಾಟಲಿಗಳನ್ನು ತರಿಸಬಹುದೇ?

ಉತ್ತರ: ಮಳೆಗಾಲದ ತಂಪಿನಲ್ಲಿ ಒಂದು ದಿನಕ್ಕೆ ಹೆದರಬೇಡಿ, ಫ್ರಿಜ್ ಬಾಗಿಲು ತೆರೆಯದಿದ್ದರೆ ಸಾಕು. ಏಪ್ರಿಲ್ ಬಿಸಿಲಿನಲ್ಲಿ ಕಾರಿನೊಳಗೆ ಮರೆತ ಪಾರ್ಸೆಲ್‌ಗೆ ಹೆದರಿ. ಅನುಮಾನ ಬಂದರೆ ಸಿಮೆಂಟನ್ನು ಪ್ಯಾಡ್ ಮೇಲೆ ತುಸು ಹಿಂಡಿ, ಕಲಸಿ, ಬೆಳಕು ತಾಗದಂತೆ ಮುಚ್ಚಿಡಿ. ಚೀಟಿಯಲ್ಲಿ ಹೇಳಿದ ಸಮಯಕ್ಕೆ ತಾನಾಗಿಯೇ ಗಟ್ಟಿಯಾಗದಿದ್ದರೆ ಎಸೆಯಿರಿ. ಲೈಟ್ ಹಿಡಿದರೆ ಗಟ್ಟಿಯಾಗುತ್ತದಲ್ಲ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಜಿರ್ಕೋನಿಯಾ ಕ್ಯಾಪಿನ ಅಡಿಗೆ ಬೆಳಕು ಎಷ್ಟು ಇಳಿಯುತ್ತದೆ? ಇದೇ ಕಾರಣಕ್ಕೆ ಬಾಂಡ್ ಒಂದು ಕಂಪನಿಯದು, ಸಿಮೆಂಟ್ ಇನ್ನೊಂದರದು ಎಂದು ಬೆರೆಸುವುದೂ ಅಪಾಯ. ಆಮ್ಲೀಯ ಬಾಂಡ್ ಕೆಲವು ಸಿಮೆಂಟ್‌ಗಳ ಗಟ್ಟಿಯಾಗಿಸುವ ಅಮೀನ್ ಎಂಬ ಘಟಕವನ್ನು ಕೊಲ್ಲುತ್ತದೆ, ಆಗ ಸಿಮೆಂಟ್ ತಾನಾಗಿ ಗಟ್ಟಿಯಾಗುವುದಿಲ್ಲ.

ಫ್ರಿಜ್‌ನಿಂದ ತೆಗೆದ ಬಾಟಲಿ ಕೋಣೆಯ ಉಷ್ಣತೆಗೆ ಬಂದ ಮೇಲೆಯೇ ತೆರೆಯಿರಿ. ಬಾಂಡನ್ನು ಹಚ್ಚುವ ಕ್ಷಣದಲ್ಲಿ ಮಾತ್ರ ಹನಿಸಿ. ಸಹಾಯಕಿ ಮೊದಲೇ ಹನಿಸಿಟ್ಟು ಫೋನ್ ತೆಗೆದುಕೊಳ್ಳಲು ಹೋದರೆ ಅದರಲ್ಲಿನ ಅಸಿಟೋನ್ ಅಥವಾ ಆಲ್ಕೋಹಾಲ್ ಹಾರಿಹೋಗಿ ಅಂಟು ಮಾತ್ರ ಉಳಿಯುತ್ತದೆ.

ಅರ್ಧ ಬೆಲೆಯದರ ಬಗ್ಗೆ: ಬಾಟಲಿಯ ಮೇಲೆ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು, ವೈದ್ಯಕೀಯ ಸಾಧನಗಳ ನಿಯಮ 2017ರ ಪ್ರಕಾರ ತಯಾರಿಕೆ ಅಥವಾ ಆಮದು ಪರವಾನಗಿ ಸಂಖ್ಯೆ ಇದೆಯೇ ನೋಡಿ. ಪರವಾನಗಿ ಸಂಖ್ಯೆ ಇಲ್ಲದ್ದು ಎಷ್ಟೇ ಅಗ್ಗವಾದರೂ ಬೇಡ. ಇದ್ದು, ಅವಧಿ ಹತ್ತಿರ ಬಂದದ್ದಾದರೆ ಅಷ್ಟರೊಳಗೆ ಮುಗಿಸುವಷ್ಟು ರೋಗಿಗಳಿದ್ದಾರೆಯೇ ಎಂದು ಲೆಕ್ಕ ಹಾಕಿ. ಸಣ್ಣ ಊರಿನ ಕ್ಲಿನಿಕ್‌ಗೆ ಚಿಕ್ಕ ಬಾಟಲಿಯೇ ಲಾಭ. ಮಾನಕದ ಮಾತಿಗೆ ಬಂದರೆ ರೆಸಿನ್ ಸಿಮೆಂಟಿಗೆ ಐಎಸ್ಒ 4049, ಜಿಐಸಿಗೆ 9917. ಕ್ಯಾಪ್ ಕೂರಿಸುವ ಜಿಐಸಿಯ ಪದರ 25 ಮೈಕ್ರಾನ್ ಮೀರಬಾರದು, ರೆಸಿನ್‌ನದು 50.

ಸಕಲೇಶಪುರದ ವೈದ್ಯರು: ಧನ್ಯವಾದ ಮೇಡಂ. ತೆರೆದ ಬಾಟಲಿಗೆ ಬೇರೆ ಅವಧಿ ಇರುತ್ತದೆಯೇ?

ಉತ್ತರ: ಕೆಲವಕ್ಕೆ ಇರುತ್ತದೆ, ಒಳಗಿನ ಚೀಟಿಯಲ್ಲಿ ಬರೆದಿರುತ್ತಾರೆ. ತೆರೆದ ದಿನವೇ ತಾರೀಖನ್ನು ಮಾರ್ಕರ್‌ನಿಂದ ಬಾಟಲಿಯ ಮೇಲೆ ಬರೆಯಿರಿ. ಮುಚ್ಚಳದ ಮೇಲೆ ಬೇಡ, ಮುಚ್ಚಳಗಳು ಅದಲುಬದಲಾಗುತ್ತವೆ.